ಮಾಟಗಾತಿ ಬಿಟ್ಟುಹೋಗದ ಹಾಗೆ

ಘೋರಕರ್ಮನೆಂದರೆ ಸಾಮಾನ್ಯನಲ್ಲ. ಸೇತುವೆ ಸುಟ್ಟವನು, ಕಣಜಕ್ಕೆ ಬೆಂಕಿ ಇಟ್ಟವನು, ಸನ್ಯಾಸಿಗಳ ಆಶ್ರಮಕ್ಕೆ ನುಗ್ಗಿ ದೀಪದೊಳಗಿನ ಎಣ್ಣೆಯನ್ನೂ ಬಿಡದೆ ಬಸಿದುಕೊಂಡು ಹೋದವನು. ಅವನು ಬರುವ ಸುದ್ದಿ ಕೇಳಿದರೆ ಸಾಕು, ಹಳ್ಳಿಗೆ ಹಳ್ಳಿಯೇ ಬಾಗಿಲು ಹಾಕಿಕೊಂಡು ಮಂಚದ ಕೆಳಗೆ ಸೇರುತ್ತಿತ್ತು. ಅವನ ಬೆನ್ನಿಗೆ ಮೂವರ ದಂಡು: ಸಾವಿನ ದೇವರ ಪೂಜಾರಿಯೊಬ್ಬ, ಸ್ವಂತ ಅಣ್ಣನ ಜೇಬಿಗೇ ಕತ್ತರಿ ಹಾಕಿದ ಕುಳ್ಳ ಕಳ್ಳನೊಬ್ಬ, ಮತ್ತು ವಿಷದ ಬುಟ್ಟಿ ಹೊತ್ತ ಒಬ್ಬ ಮಾಟಗಾತಿ.

ಇಂಥ ಘೋರಕರ್ಮ ವಾರದ ದಿನಗಳಲ್ಲಿ ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಕುಳಿತು ಜನರಿಗೆ ಹಲ್ಲಿನ ಸೆಟ್ ಮಾಡಿಕೊಡುತ್ತಿದ್ದ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು, ಮೇಣದ ವಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತಾ, ತೀರಾ ಮುತ್ತಿನ ಸಾಲಿನಂತೆ ಕಂಡರೆ ಒಂದನ್ನು ಬೇಕೆಂದೇ ಚೂರು ಓರೆ ಮಾಡುತ್ತಿದ್ದ. ಎಪ್ಪತ್ತು ದಾಟಿದವರಿಗೆ ಸಿನಿಮಾ ನಟರ ಹಲ್ಲು ಇಟ್ಟರೆ ಮನೆಯವರೇ ನಂಬುವುದಿಲ್ಲ ಎನ್ನುವುದು ಅವನ ವಾದ. ಎಲ್ಲರೂ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಹೊಸ ಸೆಟ್ ಹಾಕಿಕೊಂಡು ಮಾತು ತೊದಲುತ್ತದೆ ಎಂದು ಮೆಟ್ಟಿಲು ಹತ್ತಿ ಬಂದವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, "ಅಜ್ಜಾ, ದಿನಾ ಪೇಪರ್ ಜೋರಾಗಿ ಓದಿ. ನಾಲಿಗೆಗೂ ಹಲ್ಲಿಗೂ ಸ್ನೇಹ ಆಗೋಕೆ ಸ್ವಲ್ಪ ದಿನ ಬೇಕು" ಎಂದು ಸಮಾಧಾನ ಹೇಳುತ್ತಿದ್ದ. ಕುರ್ಚಿಯ ಕಾಲಿಗೆ ತನ್ನ ಕಾಲು ತಗುಲಿದರೆ ಕುರ್ಚಿಗೇ ಕ್ಷಮೆ ಕೇಳುವ ಜಾತಿ.

ಅಂಥವನು ದುಷ್ಟನಾದದ್ದು ಹೆಂಡತಿಯ ಮಾತು ಕೇಳಿ.

ಹೆಂಡತಿಗೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವ ಕೆಲಸ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ವಿಚಾರಣೆ ಕೋಣೆಯಲ್ಲಿ ಅಳುತ್ತಾ ಕೂತಿದೆ, ಎಲ್ಲವನ್ನೂ ಅವಳು ಹೇಳಿದರೇ ಊರಿಗೆ ಗೊತ್ತು. ಆ ದನಿಗೆ ಚಾಲಕರು ಅರ್ಧ ಕುಡಿದ ಟೀ ಬಿಟ್ಟು ಓಡಿಬರುತ್ತಿದ್ದರು. ಮೈಕಮ್ಮ ಎಂಬ ಬಿರುದು ಅವರೇ ಕೊಟ್ಟದ್ದು. ಮನೆಯಲ್ಲಿ ಅವಳಿಗೆ ಮೈಕಿನ ಅಗತ್ಯವೂ ಇರಲಿಲ್ಲ.

ಮಗಳು ಹೈಸ್ಕೂಲಿನಲ್ಲಿದ್ದಾಗ ಕಂಪ್ಯೂಟರಿಗೆ ಒಂದು ಆಟ ಹಾಕಿದ್ದಳು. ಅದರಲ್ಲಿ ನಾವೇ ಒಂದು ದಂಡು ಕಟ್ಟಿಕೊಂಡು ರಾಕ್ಷಸರು, ಗುಹೆಗಳು, ಶಾಪಗ್ರಸ್ತ ಕೋಟೆಗಳಿರುವ ಲೋಕದಲ್ಲಿ ಅಲೆಯಬೇಕು. ಒಳ್ಳೆಯವರಾಗಿಯಾದರೂ ಆಡಬಹುದು, ಕೆಟ್ಟವರಾಗಿಯಾದರೂ ಆಡಬಹುದು. "ಓದೋದು ಬಿಟ್ಟು ಏನೇ ಇದು?" ಎಂದು ಗದರಲು ಬಂದ ಮೈಕಮ್ಮ ಮಗಳ ಹಿಂದೆ ನಿಂತವಳು ನಿಂತೇಬಿಟ್ಟಳು. ಅಂದು ಸಂಜೆ ಹಲ್ಲಣ್ಣ ಬಿಳಿ ಕುದುರೆಯ ಧರ್ಮವೀರನೊಬ್ಬನನ್ನು ಆರಿಸಿಕೊಂಡಾಗ ಅವಳಿಗೆ ತಡೆಯಲಾಗಲಿಲ್ಲ.

"ರೀ, ಒಳ್ಳೆಯವರಾಗಿರೋಕೆ ಆಟ ಯಾಕೆ ಬೇಕು? ಅದನ್ನ ದಿನಾ ಆಫೀಸಲ್ಲಿ ಮಾಡ್ತೀವಲ್ಲ!"

ಹೀಗೆ ಘೋರಕರ್ಮ ಹುಟ್ಟಿದ. ಮಾಟಗಾತಿಯನ್ನು ಅವಳೇ ಸೃಷ್ಟಿಸಿದಳು. ಮೂಗು ಎಷ್ಟು ಉದ್ದ ಇರಬೇಕೆಂದು ಗಂಡನ ಅಕ್ಕನ ಫೋಟೋ ನೋಡಿ ಅಳತೆ ಹಾಕಿದಳು. ಆ ಆಟದಲ್ಲಿ ನಮ್ಮ ಪಾತ್ರಕ್ಕೆ ನಮ್ಮದೇ ದನಿ ಕೊಡುವ ಸೌಕರ್ಯವೂ ಇತ್ತು. ಮಗಳು ಮೈಕು ಸಿಕ್ಕಿಸಿಕೊಟ್ಟಳು, ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡು ದನಿ ತುಂಬಿದಳು. ಅಂದಿನಿಂದ ಆ ಲೋಕದ ದೈತ್ಯರೂ ದೊರೆಗಳೂ ಪರದೇಶದ ಭಾಷೆಯಲ್ಲಿ ಗರ್ಜಿಸುತ್ತಿದ್ದರೆ, ಮಾಟಗಾತಿ ಒಬ್ಬಳು ಮಾತ್ರ ಅಪ್ಪಟ ಮನೆಮಾತಿನಲ್ಲಿ ಬೈಯುತ್ತಿದ್ದಳು. ಕರೆದರೆ, "ಏನ್ರೀ, ಮತ್ತೆ?" ಎಲ್ಲಿಗಾದರೂ ಕಳಿಸಿದರೆ, "ಹೋಗ್ತೀನಿ, ಹೋಗ್ತೀನಿ. ನೀವು ಆರಾಮಾಗಿ ನಿಂತ್ಕೊಳ್ಳಿ." ಏಟು ಬಿದ್ದರೆ, "ಅಯ್ಯೋ, ಸೊಂಟ ಹೋಯ್ತು! ನೋಡ್ತಾ ನಿಂತಿದೀರಲ್ಲ!" ಆಟ ಕಲಿತವರು ಹಲವರಿರಬಹುದು, ಆಟದೊಳಗೂ ಹೆಂಡತಿಯಿಂದ ಬೈಸಿಕೊಂಡ ಖಳನಾಯಕ ಇವನೊಬ್ಬನೇ ಇದ್ದಾನು.

ಕೆಲವು ವರ್ಷ ಭಾನುವಾರಗಳೆಲ್ಲ ಹೀಗೆ ಲೂಟಿಯಲ್ಲಿ ಸುಖವಾಗಿ ಕಳೆದವು. ಆಮೇಲೆ ಮೈಕಮ್ಮನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಕೆಟ್ಟ ಗಂಟು. ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹೇಳಿದಂತೆಯೇ ಆಯಿತು. ಉಳಿದದ್ದು ಉಸಿರಿನ ಮಾತು: ಬಾಗಿಲ ಸಂದಿನಲ್ಲಿ ಗಾಳಿ ನುಸುಳಿದ ಹಾಗೆ. ಇರುವುದನ್ನೇ ಬಳಸಿ, ಬಳಸುತ್ತಾ ಇದ್ದರೆ ಇನ್ನಷ್ಟು ಬಲ ಬರುತ್ತದೆ ಎಂದು ಮಾತಿನ ಚಿಕಿತ್ಸೆಯ ಮೇಡಂ ಹೇಳಿ ಕಳಿಸಿದರು. ಮೈಕಮ್ಮ ಬಳಸಿದಳು. ಆದರೆ ಫೋನಿನಲ್ಲಿ ಅವಳ ತಂಗಿಯೇ, "ಹಲೋ? ಯಾರು? ಬರೀ ಗಾಳಿ ಬರ್ತಿದೆ, ಇಡಿ ಫೋನು" ಎಂದುಬಿಟ್ಟ ದಿನ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ನಿಲ್ದಾಣದವರು ಅವಳನ್ನು ಪಾರ್ಸೆಲ್ ಕೋಣೆಗೆ ಹಾಕಿದರು. ಮನೆಯಲ್ಲಿ ಊಟಕ್ಕೆ ಕರೆಯಬೇಕಾದರೆ ತಟ್ಟೆಗೆ ಸೌಟು ಬಡಿಯುತ್ತಿದ್ದಳು, ಸಿಟ್ಟು ಬಂದರೆ ಇನ್ನೂ ಜೋರಾಗಿ ಬಡಿಯುತ್ತಿದ್ದಳು. ಬಡಿತದ ಭಾಷೆ ಹಲ್ಲಣ್ಣನಿಗೆ ಬೇಗ ಬಂತು. ಆದರೆ ಸೌಟಿನಿಂದ ಎಷ್ಟೆಂದು ಬೈಯಲಾದೀತು?

ಅವನಿಗೆ ಬೈಗುಳ ಬೇಕಾಗಿತ್ತು. ಟವೆಲನ್ನು ಹಾಸಿಗೆಯ ಮೇಲೆ ಎಸೆದು ಕಿವಿ ನಿಮಿರಿಸಿ ನಿಲ್ಲುತ್ತಿದ್ದ; ಅವಳು ತೆಪ್ಪಗೆ ಬಂದು ಟವೆಲ್ ಎತ್ತಿ ಹರವುತ್ತಿದ್ದಳು. ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಆಗ ಅವನು ಹಳೆಯ ಕಂಪ್ಯೂಟರಿನ ಧೂಳು ಒರೆಸಿದ. ಮಾಟಗಾತಿಯ ಮೇಲೆ ಮೌಸ್ ಒತ್ತಿದ.

"ಏನ್ರೀ, ಮತ್ತೆ?"

ಹಲ್ಲಣ್ಣ ಕುರ್ಚಿ ಮುಂದಕ್ಕೆಳೆದುಕೊಂಡ. ಮತ್ತೆ ಒತ್ತಿದ. "ಏನ್ರೀ, ಮತ್ತೆ?" ಏನೂ ಇಲ್ಲ ಕಣೇ ಎಂದು ಪರದೆಗೇ ಹೇಳಿದ.

ಈಗ ಕಾಲೇಜಿಗೆ ಹೋಗುವ ಮಗಳು ಇದನ್ನು ಕಂಡು, "ಅಪ್ಪಾ, ಆ ದನಿಗಳನ್ನೆಲ್ಲ ತೆಗೆದು ನಿನ್ ಮೊಬೈಲಿಗೆ ಹಾಕಿಕೊಡ್ಲಾ? ಯಾವಾಗ ಬೇಕಾದ್ರೂ ಕೇಳ್ಕೋಬಹುದು" ಎಂದಳು. ಹಾಕಿಯೂ ಕೊಟ್ಟಳು. ಹಲ್ಲಣ್ಣ ಕೆಲಸದ ಮೇಜಿನಲ್ಲಿ ಅಚ್ಚುಗಳ ಮಧ್ಯೆ ಅದನ್ನು ಕೇಳಿ ನೋಡಿದ. ಸೊಂಟ ಹೋಯ್ತು, ನಿಂತ್ಕೊಳ್ಳಿ, ಏನ್ರೀ ಮತ್ತೆ, ಸಾಲಾಗಿ ಬರತೊಡಗಿದವು; ಪೂರ್ತಿ ಕೇಳದೆ ನಿಲ್ಲಿಸಿಬಿಟ್ಟ. ಯಾವುದೋ ನಿಲ್ದಾಣದಲ್ಲಿ ಯಾರಿಗೋ ಹೇಳಿದ ಹಾಗಿತ್ತು. ತಪ್ಪು ಮಾಡದವನಿಗೆ ಬೈದರೆ ಅದು ಬೈಗುಳವೇ ಅಲ್ಲ. ಅವನು ತಪ್ಪು ಮಾಡಬೇಕು, ಅವಳಿಗೆ ಗೊತ್ತಾಗಬೇಕು, ಆಮೇಲೆ ಬೈಯಬೇಕು. ಆ ಸುಖ ಆಟದಲ್ಲಿ ಮಾತ್ರ ಇತ್ತು.

ಆದರೆ ಆಟಕ್ಕೊಂದು ಕಟ್ಟುನಿಟ್ಟಿನ ಕಾನೂನು. ದಂಡಿನ ನಾಯಕ ಉಪಕಾರ ಮಾಡುತ್ತಾ ಹೋದರೆ ಲೋಕದಲ್ಲಿ ಅವನ ಒಳ್ಳೆಯ ಹೆಸರು ಏರುತ್ತದೆ. ಹೆಸರು ಹೆಚ್ಚು ಏರಿದರೆ ದುಷ್ಟ ಸಂಗಡಿಗರಿಗೆ ಅಸಹ್ಯವಾಗಿ, ದಂಡು ಬಿಟ್ಟು ಹೊರಟುಹೋಗುತ್ತಾರೆ. ಮೊದಲು ಹೋಗುವವಳು ಮಾಟಗಾತಿ.

ಹೆಂಡತಿಯ ದನಿ ಉಳಿಸಿಕೊಳ್ಳಲು ಹಲ್ಲಣ್ಣ ಪಾಪ ಮಾಡುತ್ತಲೇ ಇರಬೇಕಾಯಿತು. ಇದಕ್ಕಿಂತ ಕಷ್ಟದ ತಪಸ್ಸು ಯಾವ ಋಷಿಯೂ ಮಾಡಿರಲಾರ.

"ಅಪ್ಪಾ, ಆ ಮುದುಕನ ಕುರಿ ಹೊಡ್ಕೊಂಡು ಬಾ."

"ಒಂದೇ ಕುರಿ ಕಣೇ ಅವನಿಗಿರೋದು. ಪಾಪ."

"ಪಾಪ ತಾನೇ ನಮಗೆ ಬೇಕಾಗಿರೋದು! ಹೊಡಿ!"

ಹೊಡೆದ. ಹೊಡೆದು ಸ್ವಲ್ಪ ದೂರ ಹೋದವನು, ಮಗಳು ನೀರು ಕುಡಿಯಲು ಎದ್ದಾಗ, ಮುದುಕನ ಬಾಗಿಲಿಗೆ ಎರಡು ಕುರಿ ಕಟ್ಟಿ ಬಂದ. ಹೆಸರು ಏರಿತು. "ಇದೇನ್ರೀ ಒಳ್ಳೇತನ, ನಾಚಿಕೆ ಆಗಲ್ವಾ?" ಎಂದು ಮಾಟಗಾತಿ ಗುಡುಗಿದಳು. ಆ ಗುಡುಗು ಕೇಳಲು ಹಿತವಾಗಿತ್ತೆಂಬುದೇ ತೊಂದರೆ. ಅದು ಎಚ್ಚರಿಕೆ, ಇನ್ನೂ ಏರಿದರೆ ಕೈತಪ್ಪುತ್ತದೆ. ಇಳಿಸಲು ಮಗಳು ಒಂದು ಧಾನ್ಯದ ಗೋದಾಮು ಸುಡಿಸಬೇಕಾಯಿತು.

"ನಿನ್ ಕೈಲಿ ನೆಟ್ಟಗೆ ಒಂದು ಅನ್ಯಾಯ ಮಾಡೋಕೂ ಆಗಲ್ವಲ್ಲಪ್ಪ" ಎಂದವಳು, ದನಿ ತಗ್ಗಿಸಿ, "ಅಮ್ಮಂಗೆ ಎಲ್ಲ ಕೇಳ್ಸುತ್ತೆ, ಗೊತ್ತಾ?" ಎಂದಳು.

"ಕೇಳಿಸ್ಲಿ ಬಿಡು. ಅವಳದೇ ದನಿ ತಾನೇ?"

"ಅದಕ್ಕೇ ಹೇಳಿದ್ದು."

ಹಲ್ಲಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಗಮನಿಸತೊಡಗಿದ. ಮಾಟಗಾತಿ ಮಾತಾಡಿದಾಗಲೆಲ್ಲ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಟೀ ಲೋಟ ಹಿಡಿದು ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಬೀದಿ ನೋಡುತ್ತಾ ಕೂರುತ್ತಿದ್ದಳು. ಒಳಗೆ ಒಬ್ಬಳು ಜೋರಾಗಿ ಮಾತಾಡುತ್ತಿರುವಾಗ ಗಾಳಿಯಂಥ ದನಿಯವಳು ಯಾತಕ್ಕೆ ಬಾಯಿ ತೆರೆದಾಳು? ಆಟ ನಿಲ್ಲಿಸೋಣ ಎಂದುಕೊಂಡ. ಒಂದು ವಾರ ನಿಲ್ಲಿಸಿದ. ಮನೆ ತುಂಬ ಸೌಟಿನ ಸದ್ದು ಮಾತ್ರ ಇದ್ದ ಆ ವಾರದ ಕೊನೆಗೆ ಮತ್ತೆ ಮೌಸಿಗೆ ಕೈ ಹೋಯಿತು.

ಮಗಳು ಗೆಳತಿಯ ಮನೆಗೆ ಹೋಗಿದ್ದ ಭಾನುವಾರ ಮಧ್ಯಾಹ್ನ ಘೋರಕರ್ಮನ ದಂಡು ಜೌಗು ನೆಲವೊಂದನ್ನು ದಾಟುತ್ತಿತ್ತು. ಮಾಟಗಾತಿ ಒದ್ದೆ ಕಾಲಿನ ಬಗ್ಗೆ ಗೊಣಗುತ್ತಿದ್ದಳು, ಹಲ್ಲಣ್ಣ ಬೇಕೆಂದೇ ಸುತ್ತಿನ ದಾರಿ ಹಿಡಿದಿದ್ದ. ಪೊದೆಯಲ್ಲಿ ಅಡಗಿದ್ದ ಪಿಶಾಚಿಯೊಂದನ್ನು ಕೊಂದಾಗ ಅದರ ಚೀಲದಲ್ಲಿ ಸಿಕ್ಕಿದ್ದು ಬೆಳ್ಳಿಯ ಹಲ್ಲಿನ ಸೆಟ್! ಮುಂದೆ ಗುಡಿಸಲಿನ ಬಾಗಿಲಲ್ಲಿ ಬೊಚ್ಚುಬಾಯಿಯ ಅಜ್ಜಿ. ಹಲ್ಲು ಹೋದಂದಿನಿಂದ ತನ್ನ ಮಾತು ಯಾರಿಗೂ ಅರ್ಥವಾಗುವುದಿಲ್ಲ ಎಂದು ಗೋಗರೆಯುತ್ತಿದ್ದಳು.

ಪರದೆಯ ಮೇಲೆ ಮೂರು ದಾರಿ ಮೂಡಿದವು. ಹಲ್ಲು ಹಿಂದಿರುಗಿಸು. ಗುಡಿಸಲು ಬರೆದುಕೊಟ್ಟರೆ ಮಾತ್ರ ಕೊಡುತ್ತೇನೆಂದು ಹೇಳು. ಅವಳ ಕಣ್ಣೆದುರೇ ಹಲ್ಲನ್ನು ತುಳಿದು ಪುಡಿ ಮಾಡು.

ಕುರಿಯಾಗಿದ್ದರೆ ಕದಿಯುತ್ತಿದ್ದ. ಊರಾಗಿದ್ದರೆ, ಮಗಳು ಗದರಿದರೆ, ಸುಡುತ್ತಿದ್ದ. ಆದರೆ ಹಲ್ಲಿನ ಸೆಟ್! ಬೊಚ್ಚುಬಾಯಿ ಕಂಡೊಡನೆ ಇಷ್ಟು ವರ್ಷದ ಕಸುಬು ಕೈಗೆ ಇಳಿಯಿತು. ಬುದ್ಧಿ ಬೇಡ ಎನ್ನುವಷ್ಟರಲ್ಲಿ ಬೆರಳು ಮೊದಲನೆಯ ದಾರಿಯನ್ನು ಒತ್ತಿಯಾಗಿತ್ತು.

ಅಜ್ಜಿ ಹಲ್ಲು ಹಾಕಿಕೊಂಡು ನಕ್ಕಳು. ಲೋಕವೆಲ್ಲ ನಗಾರಿ ಬಾರಿಸಿತು. ಘೋರಕರ್ಮನ ಒಳ್ಳೆಯ ಹೆಸರು ಏರಿ, ಏರಿ, ಗೆರೆ ದಾಟಿತು. ಮಾಟಗಾತಿ ಬುಟ್ಟಿ ಹೆಗಲಿಗೇರಿಸಿ ತಿರುಗಿ ನಿಂತಳು. ಅವಳ ಬಾಯಿಂದ ಹಲ್ಲಣ್ಣ ಇದುವರೆಗೆ ಒಮ್ಮೆಯೂ ಕೇಳದ ಮಾತು ಬಂತು.

"ಆಯ್ತು, ನಾನು ಹೊರಟೆ. ನಿಮ್ಮ ಒಳ್ಳೇತನ ನೀವೇ ಇಟ್ಕೊಳ್ಳಿ. ಮಲಗೋ ಮುಂಚೆ ಗ್ಯಾಸ್ ಆಫ್ ಮಾಡೋದು ಮರೀಬೇಡಿ."

ಜೌಗಿನ ಮಂಜಿನಲ್ಲಿ ಅವಳು ಕರಗಿಹೋದಳು. ಬಾಗಿಲು ಹಾಕಿಕೊಂಡು ದನಿ ತುಂಬಿದ ಆ ದಿನ, ಎಲ್ಲ ಬಿಟ್ಟು ಹೋಗುವ ಮಾತು ಹೇಳು ಎಂದು ಆಟ ಕೇಳಿದರೆ, ಹೆಂಡತಿಗೆ ಹೊಳೆದದ್ದು ಗಂಡ ಗ್ಯಾಸ್ ಆಫ್ ಮಾಡುವುದಿಲ್ಲ ಎಂಬ ಭಯ.

ಪರದೆಯ ಮೂಲೆಯಲ್ಲಿ ಪ್ರಶ್ನೆಯೊಂದು ಮಿಣುಕುತ್ತಿತ್ತು: ಹಿಂದೆ ಉಳಿಸಿಟ್ಟಲ್ಲಿಂದ ಆಟ ಮತ್ತೆ ಆಡಬೇಕೇ? ಒಂದು ಸಲ ಒತ್ತಿದರೆ ಸಾಕು. ಅಜ್ಜಿ ಮತ್ತೆ ಬೊಚ್ಚಿಯಾಗುತ್ತಾಳೆ, ಮಾಟಗಾತಿ ಮತ್ತೆ ಒದ್ದೆ ಕಾಲಿಗೆ ಗೊಣಗುತ್ತಾಳೆ. ಅವನು ಮೌಸ್ ಹಿಡಿದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ಲೋಟವೂ ಇಲ್ಲ, ಸೌಟೂ ಇಲ್ಲ. ಹೋಗುವ ಮಾತು ಅವಳಿಗೂ ಕೇಳಿಸಿತ್ತು. ಪರದೆಯನ್ನು ನೋಡಿದಳು, ಅಜ್ಜಿಯ ಬೆಳ್ಳಿ ನಗೆಯನ್ನು ನೋಡಿದಳು, ಗಂಡನ ಮುಖ ನೋಡಿದಳು. ತುಟಿ ಅಲುಗಿತು. ನಗಾರಿಯ ಸದ್ದಿನಲ್ಲಿ ಏನೂ ತಿಳಿಯಲಿಲ್ಲ.

"ಏನು?" ಎಂದ.

ತುಟಿ ಮತ್ತೆ ಅಲುಗಿತು. ಮತ್ತೆ ನಗಾರಿ. ಅವಳ ಮುಖ ಮುಚ್ಚಿಕೊಳ್ಳತೊಡಗಿತು. ಫೋನು ಇಟ್ಟ ದಿನದ ಮುಖ. ತಿರುಗಲು ಒಂದು ಕಾಲು ಹಿಂದಿಟ್ಟಿದ್ದಳು.

ಹಲ್ಲಣ್ಣ ಮೌಸ್ ಬಿಟ್ಟು ಸ್ಪೀಕರಿನ ತಿರುಪು ಹಿಡಿದು ತಿರುಗಿಸಿದ. ನಗಾರಿ, ಗಾಳಿ, ಕಪ್ಪೆ, ಎಲ್ಲ ನಿಂತವು. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಅದನ್ನೂ ಎದ್ದುಹೋಗಿ ಆರಿಸಿದ.

"ಈಗ ಹೇಳು."

ಅವಳು ಹತ್ತಿರ ಬಂದಳು. "ಹಲ್ಲು ನೋಡಿದ್ ತಕ್ಷಣ... ಕೊಟ್ಬಿಟ್ರಾ?"

ಗಾಳಿಯೇ. ಮಾತಿನ ತುದಿಗಳು ಸವೆದುಹೋಗಿದ್ದವು. ಆದರೆ ಆ 'ಬಿಟ್ರಾ' ಎನ್ನುವಲ್ಲಿ ಹುಬ್ಬು ಏರಿದ್ದು ಹಳೆಯ ಮೈಕಮ್ಮನದೇ.

"ಕೊಟ್ಟೆ."

"ಸರಿಯಾಗಿ ಕೂತ್ವಾ ಅಂತ... ಕೇಳಿದ್ರಾ?"

"ಇಲ್ಲ."

"ಅಷ್ಟೂ ಮಾಡ್ಲಿಲ್ಲ." ಅವಳ ಭುಜ ಅಲುಗಿತು. ನಗು ಎಂದು ತಿಳಿಯಲು ಅವನಿಗೆ ಅರೆಗಳಿಗೆ ಬೇಕಾಯಿತು, ಏಕೆಂದರೆ ಅದಕ್ಕೂ ಸದ್ದಿರಲಿಲ್ಲ. ಮೊದಲೆಲ್ಲ ಅವಳು ನಕ್ಕರೆ ಪಕ್ಕದ ಮನೆಯವರು ಕಿಟಕಿ ತೆರೆದು ಏನಾಯಿತೆಂದು ಕೇಳುತ್ತಿದ್ದರು. ಆ ನಗು ಇನ್ನು ಬರುವುದಿಲ್ಲ. ಎದುರಿಗೇ ನಿಂತವಳಿಗಾಗಿ ಹೀಗೆ ಹಂಬಲಿಸುವುದನ್ನು ಅವಳಿಗೆ ಹೇಳುವ ಬಗೆ ಅವನಿಗೆ ತಿಳಿಯಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಉಸಿರಿನ ಮಾತು ಮುಟ್ಟಬೇಕಾದರೆ ಕಿವಿಯ ಹತ್ತಿರವೇ ಬಾಯಿ ತರಬೇಕು. ತಂದಳು. ಪರದೆಯ ಕಡೆ ಬೆರಳು ತೋರಿಸಿ, "ಆ ಗುಡಿಸಲ ಹಿಂದೆ... ಪೆಟ್ಟಿಗೆ ಇದೆ. ಕದೀರಿ" ಎಂದಳು.

ಪ್ರತಿಯೊಂದು ಅಕ್ಷರವೂ ಕೇಳಿಸಿತು. ಲೋಕಕಂಟಕನಾದ ಘೋರಕರ್ಮ ಆಗ ತನ್ನ ಜೀವಮಾನದ ಮೊದಲ ಶುದ್ಧ ಮೋಸ ಮಾಡಿದ.

"ಕೇಳಿಸ್ಲಿಲ್ಲ" ಎಂದ. "ಇನ್ನೊಂದ್ಸಲ ಹೇಳು."