ಗುಬ್ಬಿಗೆ ಎಸೆದ ತೆನೆ

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಅದನ್ನು ಹೇಳಿಕೊಳ್ಳಲು ಎಂದೂ ನಾಚಿದವನಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ಬೆನ್ನಿಗೆ ನಮ್ಮ ಸಂಶೋಧನಾ ಕೇಂದ್ರದ ನಾಲ್ಕು ಎಕರೆ ಹೊಲವಿದೆ. ಅಲ್ಲಿ ನಾನು ರಾಗಿ ಬೆಳೆಯುತ್ತ ಬಂದು ಬಹಳ ವರ್ಷವಾಯಿತು. ರಾಗಿಯ ಹೂವು ಸಾಸಿವೆ ಕಾಳಿಗಿಂತ ದೊಡ್ಡದೇನಲ್ಲ. ಎರಡು ತಳಿಗಳನ್ನು ಕೂಡಿಸಬೇಕಾದರೆ ಅದರೊಳಗಿನ ಗಂಡು ಭಾಗವನ್ನು ಸೂಜಿಮೊನೆಯಲ್ಲಿ ತೆಗೆದು, ಬೇರೆ ಗಿಡದ ಪರಾಗ ಸೋಕಿಸಬೇಕು. ದೊಡ್ಡ ದೊಡ್ಡ ಪದವಿಯವರು ಬಂದು ಹತ್ತು ಹೂವು ಕೆಡಿಸಿ ಹನ್ನೊಂದನೆಯದನ್ನು ನನ್ನ ಕೈಗೆ ಕೊಡುತ್ತಿದ್ದರು. ನನ್ನ ಕೈಗೆ ಸಮನಾದದ್ದು ಮೇಡಂ ಕೈ ಒಂದೇ.

ಮೇಡಂ ನಮ್ಮ ವಿಜ್ಞಾನಿ. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ತಿಂಗಳು. ಅವರು ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದರು. ನಾನು ಚಂದಾಪುರದ ಆಚೆ ನಮ್ಮೂರಿನಲ್ಲಿ ಅಪ್ಪನ ಜೊತೆ ಬೇಸಾಯ ಮಾಡಿಕೊಂಡಿದ್ದವನು. ಹೊಲ ಕಾರ್ಖಾನೆಗೆ ಹೋದಮೇಲೆ ಇಲ್ಲಿಗೆ ಬಂದೆ. ಮೊದಲ ವರ್ಷದ ಕೆಲಸ, ಬೆಂಗಳೂರಿನ ಸುತ್ತಲ ಹಳ್ಳಿಗಳ ಹಳೆಯ ರಾಗಿ ತಳಿಗಳನ್ನು ಸಂಗ್ರಹಿಸುವುದು.

ಆಗ ದೊಡ್ಡನೆಕ್ಕುಂದಿಯ ಅಂಚಿನಲ್ಲಿ ಇನ್ನೂ ಒಂದೆರಡು ರಾಗಿ ಹೊಲಗಳಿದ್ದವು. ಒಂದರಲ್ಲಿ ಅಜ್ಜಿಯೊಬ್ಬಳು ಕುಯ್ಯುತ್ತಿದ್ದಳು. ಹೊಲ ನೋಡಿದರೆ ನನಗೆ ನಗು ಬಂತು. ಉದ್ದದವು, ಗಿಡ್ಡವು, ಬೆರಳು ಬಿಚ್ಚಿದಂಥ ತೆನೆ, ಮುಷ್ಟಿ ಕಟ್ಟಿದಂಥ ತೆನೆ, ಎಲ್ಲ ಒಂದೇ ಸಾಲಿನಲ್ಲಿ.

"ತಗೊಳವ್ವ, ಎಷ್ಟ್ ಬೇಕಾದ್ರೂ ತಗೋ. ಮುಂದ್ಲೊರ್ಸ ಇಲ್ಲಿ ರಸ್ತೆ ಬತ್ತದಂತೆ" ಎಂದಳು ಅಜ್ಜಿ.

ಮೇಡಂ ಒಂದು ಗಿಡ್ಡ ಗಿಡ ಹಿಡಿದು, "ಇದೇನಜ್ಜಿ, ತೆನೆ ಬಿಚ್ಚೇ ಇಲ್ಲ?" ಎಂದು ಕೇಳಿದರು.

"ಅದಾ? ಕರೀ ಮುಷ್ಟಿ ಅಂತೀವಿ. ಕಾಳು ಕಮ್ಮಿ ಕಣವ್ವ. ಆದ್ರೆ ಬೆಂಕಿ ರೋಗ ಬಂದ ವರ್ಸ ಮಿಕ್ಕಿದ್ದೆಲ್ಲ ಸುಟ್ಟೋದ್ರೂ ಅದು ಅಂಗೇ ನಿಂತಿರ್ತದೆ. ಮನೇಗೊಬ್ಬ ಮುಂಗೋಪಿ ಇರ್ಬೇಕು ನೋಡು, ಅಂಗೆ."

ಮೇಡಂ ನಕ್ಕು ಪುಸ್ತಕದಲ್ಲಿ ಬರೆದುಕೊಂಡರು. ಒಂದು ಚೀಲ ರಾಗಿ ತೆಗೆದುಕೊಂಡೆವು. ಅದಲ್ಲದೆ ನಾಲ್ಕೈದು ತೆನೆಗಳನ್ನು ಅವರು ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟುಕೊಂಡರು. ಅಜ್ಜಿಯ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು ಮರೆತೆ.

ಹೀಗೆ ಸಂಗ್ರಹಿಸಿದ ಬೀಜವನ್ನೆಲ್ಲ ನಮ್ಮಲ್ಲಿ ಶೀತಕೋಣೆಯಲ್ಲಿ ಇಡುತ್ತಾರೆ. ಅಲ್ಲಿಯೂ ಬೀಜಕ್ಕೆ ವಯಸ್ಸಾಗುತ್ತದೆ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಬಿತ್ತಿ, ಬೆಳೆದು, ಹೊಸ ಬೀಜ ತೆಗೆದಿಡಬೇಕು. ಆ ಕೆಲಸ ನನ್ನದು. ಮೊದಲ ಸಲವೇ ಮೇಡಂ ಹೇಳಿದ್ದರು:

"ಎಲ್ಲಾ ಗಿಡದಿಂದ್ಲೂ ಒಂದೊಂದು ತೆನೆ ತಗೊಳ್ಳಿ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ನೋಡ್ಬೇಡಿ."

ತಲೆಯಾಡಿಸಿದೆ. ಒಳಗೊಳಗೇ, ಬೀಜ ತೆಗೆಯುವುದನ್ನು ನನಗೆ ಹೇಳಿಕೊಡುತ್ತಾರಲ್ಲ ಅನ್ನಿಸಿತು. ಕುಯ್ಲಿಗೆ ಮುಂಚೆ ಅಪ್ಪ ಬರಿಗಾಲಲ್ಲಿ ಹೊಲಕ್ಕಿಳಿದು, ತುಂಬಿದ ತೆನೆಗಳನ್ನೇ ಹುಡುಕಿ ಮುರಿದು, ಬಿತ್ತನೆಗೆಂದು ಜಂತೆಗೆ ಕಟ್ಟುತ್ತಿದ್ದರು. ಜೊಳ್ಳು ಬಿತ್ತಿದವನ ಮನೆಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದರು. ಅವರ ಮಗ ನಾನು, ಕಣ್ಣೆದುರು ಕುಂಟುತ್ತ ನಿಂತ ತೆನೆಯನ್ನು ಬೀಜಕ್ಕೆ ಇಡುವುದುಂಟೇ? ಒಳ್ಳೆಯದನ್ನು ಆರಿಸಿದೆ. ಗಿಡ್ಡವನ್ನು, ಮುಷ್ಟಿ ಕಟ್ಟಿದ್ದನ್ನು ಬದುವಿನಾಚೆ ಗುಬ್ಬಿಗಳಿಗೆ ಎಸೆದೆ.

ಕಳೆ ಕೀಳಲು ಬರುತ್ತಿದ್ದ ರಾಯಚೂರು ಕಡೆಯ ಹೆಂಗಸೊಬ್ಬಳು ಒಂದು ದಿನ ಅದನ್ನು ನೋಡಿ, "ಯಣ್ಣಾ, ಇವನ್ಯಾಕ ಒಗೀತೀರಿ? ಇವೂ ರಾಗೀನ ಅದಾವಲ್ರಿ" ಎಂದಳು.

"ಜೋಳ ತಿನ್ನೋರಿಗೆ ರಾಗಿ ವಿಷ್ಯ ಯಾಕಮ್ಮ?"

"ಹೌದ್ರೀ, ನಾವು ಜ್ವಾಳದ ಮಂದಿ. ಆದ್ರ ಕುಳ್ಳ ಅದೀರಿ ಅಂತ ನಿಮ್ಮನ್ನ ಯಾರರ ಒಗದಾರೇನು?"

ಹೊಲದಲ್ಲಿದ್ದವರೆಲ್ಲ ನಕ್ಕರು. ನನಗಿರುವ ಎತ್ತರ ಐದಡಿಗೆ ಒಂದಂಗುಲ ಕಡಿಮೆ. ಆ ದಿನವೆಲ್ಲ ನಾನು ಅವಳೊಂದಿಗೆ ಮಾತಾಡಲಿಲ್ಲ.

ಬಿತ್ತಿದ ಹಾಗೆಲ್ಲ ನನ್ನ ಮಡಿಗಳು ಅಂದವಾಗುತ್ತ ಹೋದವು. ಒಂದೇ ಎತ್ತರ, ಒಂದೇ ಬಣ್ಣ, ಬಾಚಿ ತಲೆ ಕಟ್ಟಿದ ಹಾಗೆ. ಹೊರಗಿನಿಂದ ಬಂದವರು ಫೋಟೋ ತೆಗೆಯುತ್ತಿದ್ದರು. "ಎಷ್ಟು ನೀಟಾಗಿದೆ ಪ್ಲಾಟ್!" ಎಂದರೆ ಮೇಡಂ ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನು ಎದೆ ಮುಂದೆ ಮಾಡಿ ನಿಲ್ಲುತ್ತಿದ್ದೆ.

ಈ ನಡುವೆ ಮೇಡಂ ಕೆಲಸ ಹೊಲದಿಂದ ಒಳಕ್ಕೆ ಸರಿಯಿತು. ಎಲೆಯ ಚೂರು ಕಳಿಸಿದರೆ ಗಿಡದ ವಂಶವನ್ನೆಲ್ಲ ಓದಿ ಹೇಳುವ ಯಂತ್ರಗಳು ಬಂದವು. "ಗಿಡದ ಜಾತಕ ಅನ್ನಿ" ಎಂದಿದ್ದೆ ಒಮ್ಮೆ. "ಜಾತಕದಲ್ಲಿ ಸುಳ್ಳು ಬರೆಸ್ಬಹುದು, ಇದ್ರಲ್ಲಿ ಆಗಲ್ಲ" ಎಂದಿದ್ದರು ಅವರು.

ಮೇಡಂ ನಿವೃತ್ತಿಗೆ ಎರಡು ವರ್ಷವಿದ್ದಾಗ ಬೆಂಕಿ ರೋಗ ಜೋರಾಯಿತು. ಎಲೆಯ ಮೇಲೆ ಸುಟ್ಟ ಕಲೆ ಬಿದ್ದು, ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಕಟ್ಟದೆ ಹೋಗುವ ರೋಗ. ಮೇಡಂಗೆ ದೊಡ್ಡನೆಕ್ಕುಂದಿಯ ಅಜ್ಜಿ ನೆನಪಾದಳು. ಹಳೆಯ ಪುಸ್ತಕ ತೆಗೆದು ನನಗೆ ಓದಿ ಹೇಳಿದರು: ಕರೀ ಮುಷ್ಟಿ, ಮನೆಗೊಬ್ಬ ಮುಂಗೋಪಿ. "ಅದೊಂದು ಸಿಕ್ಬಿಟ್ರೆ ನನ್ನ ಕೆಲ್ಸ ಮುಗೀತು, ನೆಮ್ಮದಿಯಾಗಿ ಮನೆಗೆ ಹೋಗ್ತೀನಿ."

ಅಜ್ಜಿಯ ಚೀಲದಿಂದ ಬಂದ ಬೀಜವನ್ನು ಐದು ಮಡಿಗಳಲ್ಲಿ ಬಿತ್ತಿದೆವು. ತೆನೆ ಬಂದವು. ಎಲ್ಲವೂ ಬೆರಳು ಬಿಚ್ಚಿದವು, ಎಲ್ಲವೂ ಸುಟ್ಟವು. ಮೇಡಂ ಪ್ರತಿ ಸಾಲಿನಲ್ಲೂ ಕೂತು ಕೂತು ಹುಡುಕಿದರು. ಇಪ್ಪತ್ತು ಗಿಡದ ಎಲೆಗಳನ್ನು ಯಂತ್ರಕ್ಕೆ ಕಳಿಸಿದರೆ ಇಪ್ಪತ್ತೂ ಒಂದೇ ಎಂದು ಬಂತು. ಅವರ ಹಿಂದೆ ನಿಂತಿದ್ದ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

"ಮೊದಲ ವರ್ಷ ನಾನೇ ಚೀಲ ಅದಲು ಬದಲು ಮಾಡಿರ್ಬೇಕು. ಎಳೇ ವಯಸ್ಸು, ಆತುರ" ಎಂದರು. ಆ ಸಂಗ್ರಹವನ್ನು ನಂಬಿ ಬರೆದ ಹಳೆಯ ಲೇಖನಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ತಪ್ಪು ತಮ್ಮದೆಂದು ಬರೆಯಲು ಶುರುಮಾಡಿದರು. ಒಂದು ವಾರ ಅದನ್ನು ನೋಡಿದೆ. ಚಂದಾಪುರದ ಬಸ್ಸಿನಲ್ಲಿ ಜನ ಕಂಬಿ ಹಿಡಿದು ನಿಂತಿರುತ್ತಾರಲ್ಲ, ಸಾಲಾಗಿ ಮುಷ್ಟಿಗಳು. ಅತ್ತ ನೋಡಲಾರದೆ ಕಿಟಕಿಯಾಚೆ ನೋಡುತ್ತ ಹೋಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ಮಡಿಯ ಹತ್ತಿರ ನಿಂತು ಹೇಳಿದೆ. "ಚೀಲ ಬದಲಾಗಿಲ್ಲ ಮೇಡಂ. ಗಿಡ್ಡ ತೆನೆ ನಾನೇ ಎಸೀತಿದ್ದೆ."

"ಯಾವಾಗ?"

"ಬೀಜ ತೆಗೆಯುವಾಗೆಲ್ಲ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ."

ಅವರು ಮಡಿಯ ಸಾಲುಗಳನ್ನೊಮ್ಮೆ ನೋಡಿ ಕೇಳಿದರು: "ಇದೊಂದೇ ತಳೀನಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಶೀತಕೋಣೆಯ ಕಪಾಟುಗಳು ನೆಲದಿಂದ ಸೂರಿನವರೆಗೆ ಕಣ್ಣ ಮುಂದೆ ಬಂದವು. "ಎಲ್ಲಾ ತಳೀನೂ ಮೇಡಂ."

"ಬೇರೆ ಊರಲ್ಲಿ ಕಾಪಿಡೋಕೆ ಅಂತ ಕಳ್ಸಿರೋ ಬೀಜ?"

"ಅದೂ ನಾನು ಆರ್ಸಿದ್ದೇ."

ಬೈಯುತ್ತಾರೆಂದು ಕಾದೆ. ಅವರು ಬದುವಿನ ಮೇಲೆ ಕೂತರು. "ನಾನೂ ನೋಡ್ತಿದ್ನಲ್ಲ ಇಷ್ಟು ವರ್ಷ," ಎಂದರು. "ಒಂದೇ ಸಮ ನಿಂತಿರ್ತಿತ್ತು. ಅನುಮಾನ ಬರ್ಬೇಕಿತ್ತು. ಚೆಂದ ಕಾಣ್ತಿತ್ತು, ಸುಮ್ನಾದೆ."

ಉಳಿದಿದ್ದು ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ತೆನೆಗಳು. ಅವರ ಕೋಣೆಯ ಬೀರುವಿನಲ್ಲೇ ಇದ್ದವು, ಶೀತವಿಲ್ಲ ಏನಿಲ್ಲ. ಬಿಚ್ಚಿದಾಗ ಕಾಗದ ಪುಡಿಪುಡಿಯಾಯಿತು. ನಡುವೆ ಅದೊಂದು ಮಲಗಿತ್ತು, ಗಿಡ್ಡ, ಕಪ್ಪು, ಮುಷ್ಟಿ ಬಿಗಿದುಕೊಂಡು. ಅದರ ಒಂದು ಚೂರು ಯಂತ್ರಕ್ಕೆ ಹೋಯಿತು. ಓದಿ ಬಂತು: ನಮ್ಮಲ್ಲಿರುವ ಯಾವ ರಾಗಿಗೂ ಅದು ಹೊಂದುವುದಿಲ್ಲ. ಕಾಗದದ ಮೇಲೆ ಈಗ ಅದರ ಜಾತಕ ಪೂರ್ತಿ ಇದೆ.

ಉದುರಿ ಪುಡಿಯಾದದ್ದು ಹೋಗಿ ಮಿಕ್ಕಿದ ಮೂವತ್ತೊಂದು ಕಾಳನ್ನು ಮೇಡಂ ನನ್ನ ಕೈಗೇ ಕೊಟ್ಟರು. ಬೇರೆ ಯಾರಿಗಾದರೂ ಕೊಡಬಹುದಿತ್ತು. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದದ ಮೇಲೆ ಹರಡಿದೆ. ಒಳ್ಳೆಯ ರಾಗಿ ಮೂರನೆಯ ದಿನಕ್ಕೆ ಮೊಳೆಯುತ್ತದೆ. ಮೂರು, ಏಳು, ಹತ್ತು ದಿನವಾದರೂ ಒಂದೂ ಮೊಳೆಯಲಿಲ್ಲ. ಅಲ್ಲಲ್ಲಿ ಬೂಷ್ಟು ಬಂತು. "ಸಾಕು, ತೆಗ್ದಾಕ್ಬಿಡಿ" ಎಂದರು ಮೇಡಂ.

ಮೊದಲು ಬರೆಯುತ್ತಿದ್ದ ವರದಿಯನ್ನು ಬದಲಿಸಿ ಬರೆದು, ಅದನ್ನು ಕನ್ನಡದಲ್ಲಿ ನನಗೆ ಹೇಳಿದರು: ಬೀಜ ಹೆಚ್ಚಿಸುವಾಗ ಆಯ್ಕೆ ನಡೆದುಹೋಗಿದೆ, ಹೊಣೆ ವಿಜ್ಞಾನಿಯದು. "ನನ್ನ ಹೆಸರು ಬರೀರಿ ಮೇಡಂ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಅವರು ಕನ್ನಡಕ ತೆಗೆದರು. "ಇಷ್ಟು ವರ್ಷ ಒಂದು ಪೇಪರ್‌ನಲ್ಲೂ ನಿಮ್ಮ ಹೆಸ್ರು ಹಾಕ್ಲಿಲ್ಲ ನಾನು. ಈಗ ಇದಕ್ಕೆ ಹಾಕ್ಲಾ?"

ಹೋದ ತಿಂಗಳು ಅವರು ನಿವೃತ್ತರಾದರು. ತಟ್ಟೆಯನ್ನು ನಾನು ತೆಗೆದುಹಾಕಿಲ್ಲ. ಪಂಪ್‌ಸೆಟ್ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಮೊಳೆಯುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಹೊರಗೆ ಬದುವಿನ ಮೇಲೆ ಗುಬ್ಬಿಗಳು ಬಂದು ಕಾಯುತ್ತವೆ. ಈಗ ಎಸೆಯಲು ಏನೂ ಇರುವುದಿಲ್ಲ, ಹುಟ್ಟಿದ್ದನ್ನೆಲ್ಲ ಚೀಲಕ್ಕೆ ಹಾಕುತ್ತೇನೆ. ಕಾಗದ ಒಣಗುವ ಮೊದಲು ತಟ್ಟೆಗೆ ನಾಲ್ಕು ಹನಿ ನೀರು ಬಿಡುತ್ತೇನೆ. ಇವತ್ತು ಬೆಳಿಗ್ಗೆಯೂ ಬಿಟ್ಟು ಬಂದೆ.