ಮೂರನೇ ಬೀದಿಯ ಬಿಳಿ ಕುರ್ಚಿ

ನನ್ನ ತಂಗಿ ಲೊರೇನ್‌ಳ ಗಂಡ ಅರ್ನಿ ಪಲುಂಬೊ ಯಾರ ಮುಖ ನೋಡಿಯೂ ಮಾತಾಡುವವನಲ್ಲ. ಅದನ್ನು ಸೊಕ್ಕು ಎಂದುಕೊಂಡವರಿದ್ದಾರೆ. ಮದುವೆಯ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡು ಒಂದು ವರ್ಷ ಅವನ ಮೇಲೆ ಹಲ್ಲು ಕಡಿದಿದ್ದೆ. ಆಮೇಲೆ ತಿಳಿಯಿತು, ಅದು ಕಸುಬು ಅಂಟಿಸಿದ ಚಾಳಿ. ನಮ್ಮ ನ್ಯೂಜೆರ್ಸಿ ಕರಾವಳಿಯ ಈ ಪುಟ್ಟ ಊರಿನಲ್ಲಿ, ಮೂರನೇ ಬೀದಿ ಮರಳಿಗೆ ಬಂದು ಮುಗಿಯುವ ಕಡೆ, ಎತ್ತರದ ಬಿಳಿ ಕುರ್ಚಿಯೊಂದಿದೆ. ಬೇಸಿಗೆಯುದ್ದಕ್ಕೂ ಅದರ ಮೇಲೆ ಕೂತು ಈಜುವವರನ್ನು ಕಾಯುವುದು ಅವನ ಕೆಲಸ. ಕಾವಲಿಗೆ ಕೂತವನ ಕಣ್ಣು ನೀರಿನ ಮೇಲಿಂದ ಕದಲುವಂತಿಲ್ಲ. ಊರಿನ ಮೇಯರೇ ಬಂದು ಕೆಳಗೆ ನಿಂತು ಮಾತಾಡಿಸಿದರೂ ಉತ್ತರ ಹೋಗುವುದು ಸಮುದ್ರದ ಕಡೆಗೇ. ಸುಮಾರು ನಲವತ್ತು ಬೇಸಿಗೆ ಹೀಗೆ ಕಳೆದವನು ಮನೆಯಲ್ಲಿ ಊಟಕ್ಕೆ ಕೂತರೂ "ಸ್ವಲ್ಪ ಉಪ್ಪು ಕೊಡು" ಎಂದು ಕಿಟಕಿಗೆ ಹೇಳುತ್ತಾನೆ.

ಆ ಕುರ್ಚಿಯ ಬೆನ್ನಿಗೇ, ಹಲಗೆ ಹಾಸಿದ ಕಡಲದಾರಿಯ ಮೇಲೆ ನನ್ನ ಅಂಗಡಿ, ಊರಿನವರ ಬಾಯಲ್ಲಿ ಡಾಟಿಯ ಅಂಗಡಿ. ಹಂದಿಮಾಂಸದ ಬಿಲ್ಲೆ, ಮೊಟ್ಟೆ, ಚೀಸ್ ಇಟ್ಟು ಬಿಸಿಬಿಸಿ ಬ್ರೆಡ್ಡು ಮಾಡಿಕೊಡುತ್ತೇನೆ. ವಿನಿಗರ್ ಚಿಮುಕಿಸಿದ ಆಲೂ ಫ್ರೈಸ್ ಕೊಡುತ್ತೇನೆ, ಅದರಲ್ಲಿ ಅರ್ಧ ಗಿರಾಕಿಗಳ ಹೊಟ್ಟೆಗೆ, ಅರ್ಧ ಕಡಲಹಕ್ಕಿಗಳ ಹೊಟ್ಟೆಗೆ. ಹಾಗಾಗಿ ನಾನು ಅರ್ನಿಯ ಮುಖ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು. ಅವನ ಬೆನ್ನಿನ ಪಕ್ಕದಲ್ಲಿ ಯಾವಾಗಲೂ ಇನ್ನೊಂದು ಬೆನ್ನು. ಒಂದು ಕುರ್ಚಿಗೆ ಇಬ್ಬರು ಕಾವಲುಗಾರರು ಎನ್ನುವುದು ನಮ್ಮ ದಂಡೆಯ ಪದ್ಧತಿ. ಆ ಇನ್ನೊಬ್ಬ ಗ್ಲೆನ್ ಹಾಫ್‌ಮನ್, ಪಕ್ಕದೂರಿನ ಶಾಲೆಯ ವ್ಯಾಯಾಮದ ಮೇಷ್ಟ್ರು. ಹತ್ತು ಹನ್ನೊಂದು ವರ್ಷದಿಂದ ಇಬ್ಬರೂ ತೋಳಿಗೆ ತೋಳು ತಾಗಿಸಿ ಕೂತು ದಿನವಿಡೀ ಒಬ್ಬರನ್ನೊಬ್ಬರು ನೋಡದೆ ಜಗಳವಾಡುತ್ತಾರೆ.

"ನಿನ್ನೆ ಈರುಳ್ಳಿ ತಿಂದ್ಯಾ?" ಎಂದು ಗ್ಲೆನ್ ಅಲೆಗಳನ್ನು ಕೇಳುತ್ತಾನೆ.

"ಮೊನ್ನೆ ತಿಂದೆ. ಕೆಂಪು ಟೋಪಿಯೋಳು ಆಳಕ್ಕೆ ಹೋಗ್ತಾವ್ಳೆ, ನೋಡು."

"ನೋಡ್ದೆ. ಮೊನ್ನೆ ತಿಂದಿದ್ದು ಇವತ್ತೂ ನಾರುತ್ತಲ್ಲೋ ಮಾರಾಯ."

ಲೊರೇನ್‌ಗಿಂತ ಹೆಚ್ಚು ಹೊತ್ತು ಅವನ ಜೊತೆ ಸಂಸಾರ ಮಾಡಿದವನು ಗ್ಲೆನ್ನೇ ಎಂದು ನಾವೆಲ್ಲ ನಗುತ್ತಿದ್ದೆವು.

ನಮ್ಮ ದಂಡೆ ಚೆಂದವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಗೋಧಿಹಿಟ್ಟಿನ ಬಣ್ಣದ ಮರಳು, ಸಂಜೆ ನೀರು ಇಳಿದಾಗ ಅರ್ಧ ಆಕಾಶ ನೆಲದ ಮೇಲೆ ಬಿದ್ದಿರುತ್ತದೆ. ನೋಡಲೇಬೇಕಾದ ಕಡಲತೀರಗಳು ಎಂದು ಒಂದು ಪತ್ರಿಕೆಯವರು ನಮ್ಮದನ್ನೂ ಸೇರಿಸಿ ಬರೆದರು, ಆಮೇಲೆ ಫಿಲಡೆಲ್ಫಿಯಾ, ನ್ಯೂಯಾರ್ಕ್ ಕಡೆಯ ಜನ ಛತ್ರಿ ಹೊತ್ತು ಇನ್ನೂ ದಂಡಿಯಾಗಿ ಬರತೊಡಗಿದರು. ಆ ಪುಟವನ್ನು ನಾನು ಅಂಗಡಿಯ ಗೋಡೆಗೆ ಅಂಟಿಸಿದರೆ ಅರ್ನಿ ಮುಖ ಸಿಂಡರಿಸಿದ. "ಚೆಂದ ಅಂತ ಬರೆದೋನು ಸೊಂಟದ ತನಕ ಆದ್ರೂ ನೀರಿಗಿಳಿದಿದ್ನಾ ಕೇಳು," ಎಂದ. ನೀರಡಿಯ ಮರಳುದಿಬ್ಬಗಳ ನಡುವೆ, ಇಳಿದವರನ್ನು ನೀರು ಒಳಸಮುದ್ರಕ್ಕೆ ಎಳೆದುಕೊಂಡು ಹೋಗುವ ಜಾಗಗಳು ನಮ್ಮಲ್ಲಿ ದಿನಕ್ಕೊಂದು ಕಡೆ ಬಾಯಿ ಬಿಡುತ್ತವೆ. ಹೊರಗಿನವರಿಗೆ ಅಲ್ಲಿ ಅಲೆಯಿಲ್ಲದ ತಿಳಿ ನೀರು ಕಾಣುತ್ತದೆ, ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಅರ್ನಿ ಎಷ್ಟು ಜನರನ್ನು ಎಳೆದು ತಂದಿದ್ದಾನೋ ಅವನಿಗೇ ನೆನಪಿಲ್ಲ. ಎಳೆದು ತಂದ ಮೇಲೆ ಒಂದೇ ಮಾತಿಗೆ ಅವನ ಪಿತ್ತ ನೆತ್ತಿಗೇರುತ್ತಿತ್ತು. ಮುಳುಗುವವರ ಪಕ್ಕದಲ್ಲೇ ಇದ್ದ ನೆಂಟರು, "ಬೇರೆ ಯಾರಾದ್ರೂ ನೋಡ್ಕೋತಾರೆ ಅಂದ್ಕೊಂಡ್ವಿ" ಎನ್ನುತ್ತಿದ್ದರು. ಅದನ್ನು ಕೇಳಿದ ದಿನ ಅವನು ಊಟ ಬಿಡುತ್ತಿದ್ದ.

ಉಳಿದ ತಿಂಗಳುಗಳಲ್ಲಿ ಅವನು ಊರಿನ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ಏಣಿಯ ಮೇಲಿದ್ದರೂ ಕಡಲು ಕಾಣುವ ಗೋಡೆಯನ್ನೇ ಮೊದಲು ಮುಗಿಸುತ್ತಾನೆ, ಹಿಂದಿನ ಗೋಡೆಗೆ ಹತ್ತು ನೆಪ ಹೇಳುತ್ತಾನೆ. ಕಾವಲುಗಾರರಿಗೆಲ್ಲ ಕ್ಯಾಪ್ಟನ್ ಆಗು ಎಂದು ಊರಿನವರು ಎರಡು ಸಲ ಕರೆದಿದ್ದರು. ಕ್ಯಾಪ್ಟನ್ ಆದರೆ ಜೀಪಿನಲ್ಲಿ ಓಡಾಡಬೇಕು, ಕುರ್ಚಿ ಬಿಡಬೇಕು, ಅದಕ್ಕೇ ಒಲ್ಲೆ ಎಂದ. ಈಗಿನ ಕ್ಯಾಪ್ಟನ್ ಮೋರೀನ್ ಟಿಗ್ ಅವನ ಕೈಕೆಳಗೆ ಕಾವಲು ಕಾಯುವುದನ್ನು ಕಲಿತ ಹುಡುಗಿ. ಎರಡು ಮಕ್ಕಳ ತಾಯಿಯಾದರೂ ಅವನನ್ನು ಇವತ್ತಿಗೂ ನೀವು ಎಂದೇ ಮಾತಾಡಿಸುತ್ತಾಳೆ.

ಕುರ್ಚಿ ಯಾರ ಅಪ್ಪನ ಆಸ್ತಿಯೂ ಅಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ನೀರು ಇನ್ನೂ ಮೂಳೆ ಕೊರೆಯುವಷ್ಟು ತಣ್ಣಗಿರುವಾಗ, ಹೊಸಬರು ಹಳಬರು ಎಲ್ಲರೂ ಅರ್ಧ ಮೈಲಿ ಈಜಬೇಕು. ಕಿತ್ತಳೆ ಬಣ್ಣದ ಎರಡು ತೇಲುಗುಂಡುಗಳನ್ನು ಸುತ್ತಿ ಹದಿಮೂರು ನಿಮಿಷದೊಳಗೆ ದಂಡೆ ಮುಟ್ಟಿದರೆ ಕುರ್ಚಿ, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಅರ್ನಿ ಕೂದಲೆಳೆಯ ಅಂತರದಲ್ಲಿ ಪಾರಾಗಿದ್ದ. ಈ ವರ್ಷ ಅವನಿಗೆ ಅರವತ್ತೆರಡು. ತಪ್ಪಿದರೆ ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು, ಬರುವವರು ದುಡ್ಡು ಕೊಟ್ಟು ದಂಡೆಯ ಪ್ರವೇಶದ ಬಿಲ್ಲೆ ಕೊಂಡು ಬಟ್ಟೆಗೆ ಸಿಕ್ಕಿಸಿದ್ದಾರೋ ಇಲ್ಲವೋ ನೋಡುವ ಕೆಲಸ ಕಾದಿತ್ತು. ಸಮುದ್ರಕ್ಕೆ ಬೆನ್ನು ಹಾಕಿ ಕೂರುವ ಕೆಲಸ.

ಏಪ್ರಿಲ್ ಕಳೆಯುವಷ್ಟರಲ್ಲಿ ಅವನು ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯನಾದ. ಬಣ್ಣದ ಡಬ್ಬಿ ತೆರೆದಿಟ್ಟು ನೀರಿಗೆ ಹೋಗುತ್ತಿದ್ದ, ತುಟಿ ನೀಲಿ ಮಾಡಿಕೊಂಡು ಬಂದು ನನ್ನ ಒಲೆಯ ಹತ್ತಿರ ನಿಂತು ನಡುಗುತ್ತಿದ್ದ. ಒಂದು ಗುಟುಕು ಕಾಫಿ ಕುಡಿದು ಮತ್ತೆ ಹೊರಡುತ್ತಿದ್ದ. ಮಾತಿನ ಮಧ್ಯೆ ಎದ್ದು ಹೋಗುತ್ತಿದ್ದ. ಮೇಜಿನ ಕೆಳಗೆ ಅವನ ಕಾಲು ಅಲ್ಲಾಡುವುದಕ್ಕೆ ಮೇಲಿದ್ದ ಲೋಟಗಳು ಟಣಟಣ ಎನ್ನುತ್ತಿದ್ದವು.

"ಅಕ್ಕಾ, ನೀನಾದ್ರೂ ಬುದ್ಧಿ ಹೇಳು," ಎಂದು ಲೊರೇನ್ ಒಂದು ದಿನ ನನ್ನ ಅಂಗಡಿಗೇ ಬಂದಳು. "ಬೆಳಗ್ಗೆ ಬಚ್ಚಲಿಗೆ ಹೋದ್ರೆ ತೊಟ್ಟಿ ನೀರಲ್ಲಿ ತಲೆ ಮುಳುಗಿಸ್ಕೊಂಡು ಬಿದ್ದಿದ್ದಾನೆ. ಸತ್ತೇ ಹೋದ ಅಂತ ಬಾಯಿ ಬಡ್ಕೊಂಡೆ. ಎದ್ದು ನನ್ನ ಮೇಲೇ ರೇಗ್ತಾನೆ, ಉಸಿರು ಬಿಗಿ ಹಿಡಿಯೋ ಅಭ್ಯಾಸ ಕೆಡಿಸ್ದೆ ಅಂತ."

ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ. "ಏನೋ, ಗೇಟಲ್ಲಿ ಕೂತ್ರೆ ನಿನ್ನ ಕಿರೀಟ ಬಿದ್ದೋಗುತ್ತಾ? ನೆರಳಿರುತ್ತೆ, ಕೈಗೆಟುಕೋ ಹಾಗೆ ನನ್ನ ಅಂಗಡಿ ಇರುತ್ತೆ."

"ಕಿವಿಗೆ ಕೂಗು ಬೀಳುತ್ತೆ ಡಾಟಿ, ಕಣ್ಣಿಗೆ ನೀರು ಕಾಣಲ್ಲ," ಎಂದ. "ಹುಚ್ಚು ಹಿಡಿಯುತ್ತೆ ನಂಗೆ."

ನಾನು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ.

ಪರೀಕ್ಷೆಯ ದಿನ ಅರ್ಧ ಊರೇ ಕಾಫಿ ಲೋಟ ಹಿಡಿದು ದಂಡೆಗೆ ಬಂದಿತ್ತು. ಮೋಡ ಕವಿದಿತ್ತು, ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಎಲ್ಲರಿಗೂ ಒಂದೇ ಥರದ ಹಳದಿ ಟೋಪಿ. ನೀರಿನಲ್ಲಿ ಎರಡು ದೋಣಿಗಳು ಕಾವಲಿಗೆ ನಿಂತಿದ್ದವು. ಮೋರೀನ್ ಸೀಟಿ ಊದಿದ ತಕ್ಷಣ ಎಲ್ಲರೂ ಓಡಿಹೋಗಿ ಅಲೆಗೆ ತಲೆ ಕೊಟ್ಟರು. ಅಷ್ಟೇ, ಆಮೇಲೆ ಯಾರು ಯಾರೆಂದು ದಂಡೆಯಿಂದ ಗುರುತು ಹತ್ತಲಿಲ್ಲ. ನೀರಿನ ಮೇಲೆ ಹಳದಿ ಚುಕ್ಕೆಗಳು ಏಳುವುದು, ಮುಳುಗುವುದು. ಲೊರೇನ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಬಿತ್ತು.

ಎರಡನೇ ತೇಲುಗುಂಡಿನ ಹತ್ತಿರ ದೋಣಿಯೊಂದು ಬಿರುಸಾಗಿ ತಿರುಗಿತು, ಯಾರನ್ನೋ ಮೇಲಕ್ಕೆ ಎತ್ತಿಕೊಂಡರು. ಗುಂಪಿನಲ್ಲಿ ಎಲ್ಲರೂ ಅಯ್ಯೋ ಎಂದರು. ಅರ್ನಿಯೇ ಇರಬೇಕೆಂದು ನಾನು ಲೊರೇನ್‌ಳ ಮುಖ ನೋಡಲಾರದೆ ಮರಳು ನೋಡಿದೆ. ಅಷ್ಟರಲ್ಲಿ ಅಲೆಯೊಂದು ಬಿಳಿಗೂದಲಿನ ಎದೆಯ ಒಬ್ಬ ಮನುಷ್ಯನನ್ನು ದಂಡೆಗೆ ತಂದು ಒಗೆಯಿತು. ಅವನು ಎದ್ದ, ಮುಗ್ಗರಿಸಿದ, ಮತ್ತೆ ಎದ್ದು ಓಡಿದ. ಮೋರೀನ್ ಗಡಿಯಾರ ಎತ್ತಿ ಹಿಡಿದು ಕುಣಿದೇಬಿಟ್ಟಳು.

"ಆಯ್ತು ಅರ್ನಿ! ಇನ್ನೂ ಅರ್ಧ ನಿಮಿಷ ಬಾಕಿ ಇತ್ತು! ಹೋದ ವರ್ಷಕ್ಕಿಂತ ಜೋರು!"

ನಾನು ಗಂಟಲು ಹರಿಯುವಂತೆ ಕೂಗಿದೆ. ಲೊರೇನ್ ಅಳುತ್ತ ನಗುತ್ತ ಅವನಿಗೆ ಟವಲು ಸುತ್ತಿದಳು. ಹಲಗೆದಾರಿಯ ಕಪ್ಪು ಫಲಕದ ಮೇಲೆ ಮೋರೀನ್ ಸೀಮೆಸುಣ್ಣದಲ್ಲಿ ಆಗಲೇ ಬರೆದಳು: ಮೂರನೇ ಬೀದಿ, ಪಲುಂಬೊ. ಎಲ್ಲರಿಗೂ ನನ್ನ ಕಡೆಯಿಂದ ಬಿಟ್ಟಿ ಬ್ರೆಡ್ಡು ಎಂದು ಸಾರಿದೆ. ನನ್ನ ಜಿಪುಣತನ ಬಲ್ಲವರು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ದೋಣಿಯಲ್ಲಿ ಬಂದವನು ಗ್ಲೆನ್. ಮೀನಖಂಡ ಸೆಳೆದುಕೊಂಡು ಕಾಲು ಮರಗಟ್ಟಿ ಎರಡು ಸಲ ಮುಳುಗಿದ್ದನಂತೆ. ಕಂಬಳಿ ಹೊದ್ದು, ನೀರು ಕಕ್ಕಿ, ಬೂದಿ ಬಣ್ಣದ ಮುಖದಲ್ಲಿ ಕೂತಿದ್ದ. ಜೀವಕ್ಕೇನೂ ಆಗಿರಲಿಲ್ಲ. ಮುಂದಿನ ವಾರ ಮತ್ತೆ ಈಜಲು ಅವಕಾಶವಿತ್ತು. ಅರ್ನಿ ಹೋಗಿ ಅವನ ಹತ್ತಿರ ನಿಂತ. ಗ್ಲೆನ್ ಅವನ ಕೈ ಕುಲುಕಿ, "ಗೆದ್ದೆಯಲ್ಲ ಮುದುಕಾ" ಎಂದ. ಅರ್ನಿ ಕೈ ಹಿಂದಕ್ಕೆಳೆದುಕೊಂಡು ಟವಲಿನೊಳಗೆ ಮುದುಡಿಕೊಂಡ. ಚಳಿಗೆ ಹಾಗಿರಬೇಕೆಂದು ನಾನು ಬಿಸಿ ಕಾಫಿ ತರಲು ಓಡಿದೆ.

ಗೆದ್ದ ಮೇಲಾದರೂ ಅವನ ಕಾಲು ನಿಲ್ಲುತ್ತದೆ ಎಂದುಕೊಂಡಿದ್ದರೆ ನಮ್ಮದೇ ತಪ್ಪು. ಆ ಸಂಜೆ ಲೊರೇನ್ ಅವನಿಗಿಷ್ಟವೆಂದು ಮಾಂಸದುಂಡೆಯ ಸಾರು ಮಾಡಿದ್ದಳು, ಅವನು ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವಾಗ ಅವನು ಹಲಗೆದಾರಿಯ ಮೇಲೆ ಆ ತುದಿಯಿಂದ ಈ ತುದಿಗೆ ಗಸ್ತು ತಿರುಗುತ್ತಿದ್ದ.

"ಒಳಗೆ ಬಾ. ಹಲಗೆ ಸವೆಯುತ್ತೆ," ಎಂದೆ.

ಬಂದ. ಕೌಂಟರಿಗೆ ಎರಡೂ ಕೈ ಊರಿ ನಿಂತ. "ಅವನು ನನ್ನ ಪಕ್ಕದಲ್ಲೇ ಮುಳುಗಿದ್ದು ಡಾಟಿ. ಕೈ ಚಾಚಿದ್ರೆ ಸಿಗ್ತಿದ್ದ."

"ಯಾರು?"

"ಗ್ಲೆನ್. ಕೈ ಮೇಲೆತ್ತಿದ. ಈಜೋ ಕೈ ಅಲ್ಲ, ಮುಳುಗೋ ಕೈ. ಅದು ನಂಗೆ ಗೊತ್ತಾಗಲ್ವಾ? ನೋಡ್ದೆ. ದೋಣಿಯೋರು ಯಾರಾದ್ರೂ ನೋಡ್ಕೋತಾರೆ ಅಂದ್ಕೊಂಡು ಮುಂದಕ್ಕೆ ಹೋದೆ."

ಮೆತ್ತಗೆ ಏನಾದರೂ ಹೇಳಬೇಕೆಂದಿದ್ದೆ. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಬಾಯ್ಮುಚ್ಚು," ಎಂದೆ. "ದೋಣಿ ಇದ್ದಿದ್ದೇ ಅದಕ್ಕೆ. ಅವನು ಬದುಕಿದ್ದಾನೆ, ನೀನು ಗೆದ್ದಿದ್ದೀಯ. ದಂಡೇಲಿ ನಿಂತ ಒಬ್ಬನೂ ನೋಡಿಲ್ಲ. ಎರಡು ತಿಂಗಳಿಂದ ನಮ್ಮನ್ನೆಲ್ಲ ಗೋಳು ಹೊಯ್ಕೊಂಡಿದ್ದೀಯ, ಸಾಲದಾ? ಹೋಗಿ ಸುಮ್ನೆ ಕುರ್ಚಿ ಮೇಲೆ ಕೂತ್ಕೋ."

ಅವನು ಏನೋ ಹೇಳುವಷ್ಟರಲ್ಲಿ ಮೋರೀನ್ ಬಂದಳು, ಅವಳ ಹಿಂದೆಯೇ ಕುಂಟುತ್ತ ಗ್ಲೆನ್. ಸುಳ್ಳೇಕೆ, ಅರ್ನಿ ಬಾಯಿ ಬಿಡದಿರಲಿ ಎಂದು ನಾನು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ. ಅರ್ನಿ ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದ, ಒಂದು ಮಾತೂ ಬಿಡದೆ.

ಮೋರೀನ್ ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನಿಯಮದ ಪ್ರಕಾರ ನಿಮ್ಮದು ತಪ್ಪಿಲ್ಲ ಅರ್ನಿ," ಎಂದಳು. "ಪರೀಕ್ಷೆ ದಿನ ಈಜೋರ ಜವಾಬ್ದಾರಿ ದೋಣಿಯದ್ದು. ನಾನು ನಿಮ್ಮ ಹೆಸರು ಬರೆದಾಯ್ತು."

"ನಿಂಗೆ ನಾನು ಕಲಿಸಿದ್ದು ಅದಾ?"

ಅವಳು ತಲೆ ತಗ್ಗಿಸಿದಳು. ಆಗ ಗ್ಲೆನ್ ಬಾಯಿಬಿಟ್ಟ. "ನಂಗೆ ಗೊತ್ತಿತ್ತು ಕಣೋ," ಎಂದ. "ನೀನು ನನ್ನ ಕಡೆ ತಿರುಗೇ ಉಸಿರು ತಗೊಂಡೆ. ನಿನ್ನ ಕಣ್ಣು ನೋಡ್ದೆ ನಾನು."

ಅರ್ನಿಯ ಮುಖ ಬಿಳಿಚಿಕೊಂಡಿತು. "ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೋ ಇಲ್ವೋ ನೋಡೋಣ ಅಂತ. ರಾತ್ರಿಯೆಲ್ಲ ಒದ್ದಾಡಿದ್ದೀನಿ. ನೀನು ಹೇಳ್ದೇ ಇದ್ದಿದ್ರೆ, ಇವತ್ತು ಮೋರೀನ್ ಹತ್ರ ಬೇರೆ ಕುರ್ಚಿ ಕೇಳೋಣ ಅಂತಾನೇ ಬಂದಿದ್ದು. ಹೇಳಿದ್ದೀಯಲ್ಲ, ಮುಗೀತು. ಮುಂದಿನ ವಾರ ನಾನೂ ಈಜಿ ಪಾಸಾಗ್ತೀನಿ, ಇಬ್ರೂ ಕೂತ್ಕೊಳ್ಳೋಣ. ಈರುಳ್ಳಿ ಮಾತ್ರ ತಿನ್ಬೇಡ."

ನಾನು ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬಂತು. ಮುಗಿಯಿತು, ಎಲ್ಲ ಸರಿಹೋಯಿತು ಎಂದು ನಾಲ್ಕು ಬ್ರೆಡ್ಡು ತವೆಗೆ ಹಾಕಿದೆ. ಆದರೆ ಅರ್ನಿ ನಗಲಿಲ್ಲ.

"ನೀನು ಮುಳುಗ್ತಿದ್ದಾಗ ನಂಗೆ ಕಂಡಿದ್ದು ನೀನಲ್ಲ ಗ್ಲೆನ್, ಆ ಕುರ್ಚಿ," ಎಂದ. "ನಿಂತು ನಿನ್ನನ್ನ ಹಿಡ್ಕೊಂಡ್ರೆ ಅದು ಹೋಗುತ್ತೆ ಅಂತ ಲೆಕ್ಕ ಹಾಕ್ದೆ. ನೀರಲ್ಲಿ ಇದ್ಕೊಂಡು, ನಿನ್ನ ಮುಖ ನೋಡ್ಕೊಂಡು ಲೆಕ್ಕ ಹಾಕ್ದೆ. ನಿನ್ನನ್ನೇ ಬಿಟ್ಟು ಹೋದೋನು, ಹೆಸರೇ ಗೊತ್ತಿಲ್ದೇ ಇರೋರ ಮಕ್ಕಳನ್ನ ನೋಡ್ಕೋತೀನಿ ಅಂತ ಹೆಂಗೆ ಹತ್ತಿ ಕೂತ್ಕೊಳ್ಲಿ?"

ತವೆಯ ಮೇಲೆ ಬ್ರೆಡ್ಡು ಸೀದು ಹೋಗುತ್ತಿತ್ತು. ಅರ್ನಿ ಮೋರೀನ್ ಕಡೆ ತಿರುಗಿ, ಅವಳು ಹೊಸಬಳಾಗಿದ್ದಾಗ ತಪ್ಪು ಮಾಡಿದರೆ ಹೇಳುತ್ತಿದ್ದನಲ್ಲ, ಅದೇ ಮೆಲುದನಿಯಲ್ಲಿ, "ಕ್ಯಾಪ್ಟನ್ ನೀನು. ನಿನ್ನ ಕೆಲಸ ಮಾಡಮ್ಮಾ," ಎಂದ.

ಅವಳು ನಮ್ಮ ಮೂವರ ಮುಖವನ್ನೂ ಒಂದು ಸಲ ನೋಡಿದಳು. ಯಾರಾದರೂ ಬೇಡ ಎನ್ನಲಿ ಎಂದು ಕಾದಿರಬೇಕು. ಆಮೇಲೆ ಹೊರಗೆ ಹೋಗಿ, ಫಲಕದ ಮೇಲಿನ ಅವನ ಹೆಸರನ್ನು ಅಂಗೈಯಿಂದ ಒರೆಸಿದಳು. ಅಳುತ್ತಲೇ ಒರೆಸಿದಳು, ಆದರೆ ಪೂರ್ತಿ ಒರೆಸಿದಳು.