ಅಟ್ಟದಿಂದ ಇಳಿಸದ ಕಾಯಿಗೆ ತೆರಿಗೆ

ಕನಕರಾಜು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವನು ಧೈರ್ಯವಂತ ಎಂದರು. ಸಿ.ಎಸ್. ಪುರದ ಆಚೆಯ ಆ ಸಣ್ಣ ಊರಿನಲ್ಲಿ ಸತ್ತವರನ್ನು ಧೈರ್ಯವಂತರೆನ್ನುವುದು ವಾಡಿಕೆ. ಯಾರಿಗೂ ನಷ್ಟವಿಲ್ಲದ ಮಾತು. ಗೋಡೆಗೊರಗಿ ಕೂತಿದ್ದ ಅವನ ಹೆಂಡತಿ ಪ್ರಮೀಳಾ ಮಾತ್ರ ತಲೆಯೆತ್ತಲಿಲ್ಲ. ಅವನಷ್ಟು ಹೆದರಿದ ಮನುಷ್ಯ ಆ ಸೀಮೆಯಲ್ಲೇ ಇನ್ನೊಬ್ಬನಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆದರಿಕೊಂಡೇ ದುಡಿದ, ಹೆದರಿಕೊಂಡೇ ಕೂಡಿಟ್ಟ, ಕೂಡಿಟ್ಟದ್ದಕ್ಕೂ ಹೆದರಿದ.

ಆ ಹೆದರಿಕೆ ಶುರುವಾದದ್ದು ಅವನ ಅಪ್ಪನ ಅಂಗೈಯಿಂದ. ಅಪ್ಪ ನರಸಿಂಹಯ್ಯ ತುಮಕೂರಿನ ಒಂದು ಕಾರ್ಖಾನೆಯಲ್ಲಿ ದುಡಿದವರು. ತಂಗಿಯರ ಮದುವೆಗೆ, ಬೋರ್‌ವೆಲ್‌ಗೆ ಎಂದು ಪಿಎಫ್ ಹಣವನ್ನು ಆಗಾಗ ತೆಗೆಯುತ್ತ ಬಂದರು. ಕಾರ್ಖಾನೆ ಬಾಗಿಲು ಹಾಕಿದಾಗ ಬರಿಗೈಯಲ್ಲಿ ಊರಿಗೆ ಬಂದರು. ತೆಂಗಿನ ತೋಟ ಹೆಂಡತಿ ರಂಗಲಕ್ಷ್ಮಮ್ಮನವರ ತವರಿನದು. ಕೊಬ್ಬರಿ ದುಡ್ಡೆಲ್ಲ ಅವರ ಸೆರಗಿನ ಗಂಟಿನಲ್ಲಿರುತ್ತಿತ್ತು. ಕೊನೆಗಾಲದಲ್ಲಿ ನರಸಿಂಹಯ್ಯನವರು ಬೀಡಿಗೋ ಕ್ಷೌರಕ್ಕೋ ಕಾಸು ಬೇಕಾದರೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಕೈರೇಖೆ ನೋಡಿಕೊಳ್ಳುವವರಂತೆ ಅಂಗೈಯನ್ನು ಅರ್ಧ ಬಿಚ್ಚುತ್ತಿದ್ದರು. ಒಂದು ದಿನ ಕನಕರಾಜು ಬೈಕಿನ ಚೈನು ಬಿಗಿಯುತ್ತ ಕೂತಿದ್ದವನು ಕೆಮ್ಮು ಕೇಳಿದರೂ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ ಅಪ್ಪ ಅದೇ ಕೈಯಲ್ಲಿ ಬೆನ್ನು ಕೆರೆದುಕೊಳ್ಳುತ್ತ ಹಿತ್ತಲಿಗೆ ಹೋಗುತ್ತಿದ್ದರು. ಬೆನ್ನಿಗೆ ನವೆಯೇನೂ ಇರಲಿಲ್ಲ.

ಮುಂದೆ ಕನಕರಾಜು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದ. ಕಡ್ಡಾಯವಾಗಿ ಹಿಡಿಯುವ ಪಿಎಫ್ ಜೊತೆಗೆ, ಬೇಕಾದವರು ತಾವಾಗಿಯೇ ಇನ್ನಷ್ಟು ಹಾಕಬಹುದು ಎಂದು ಆಫೀಸಿನವರು ಹೇಳಿದರು. ಉಳಿದವರು ಒಂದಿಷ್ಟು ಹಾಕಿದರು. ಕನಕರಾಜು ಹೆಚ್ಚುಕಡಿಮೆ ಮೂಲವೇತನವನ್ನೆಲ್ಲ ಹಾಕಿದ. ಅವನ ಪಾಲಿಗೆ ಪಿಂಚಣಿ ಎಂದರೆ ಅದೇ.

"ಏನ್ಲಾ ಕನಕ, ಸಂಬಳದ ದಿನಾನೂ ಹರಳೆಣ್ಣೆ ಕುಡಿದೋನ್ ಥರ ಇದೀಯಲ್ಲೋ," ಎಂದು ಜೊತೆಯ ಕೆಲಸಗಾರ ತಿಮ್ಮೇಶ್ ಕಾಲೆಳೆಯುತ್ತಿದ್ದ. "ಮನೇಲಿ ಏನ್ ಬೇಯಿಸ್ತೀರ, ಪಿಎಫ್ ಚೀಟೀನಾ?"

"ಕಾಯಿ ಐತೆ, ರಾಗಿ ಐತೆ. ಇನ್ನೇನ್ ಬೇಕ್ಲಾ?"

ಸುಳ್ಳಲ್ಲ. ಸಂಬಳ ಮುಟ್ಟಬಾರದು, ಮನೆಯನ್ನು ತೋಟವೇ ಸಾಕಬೇಕು ಎನ್ನುವುದು ಆ ಮನೆಯ ಕಟ್ಟಳೆಯಾಗಿಬಿಟ್ಟಿತ್ತು. ಪೇಟೆಯವನಿಗೆ ಇದು ಸಾಧ್ಯವಿಲ್ಲ. ಸಂಬಳವನ್ನೆಲ್ಲ ಬೀಗ ಹಾಕಿ ಇಟ್ಟರೆ ಅವನು ಉಪವಾಸ ಬೀಳುತ್ತಾನೆ. ತೋಟವಿದ್ದು ಸಂಬಳವೂ ಇರುವವರು ಮಾತ್ರ ಮಾಡಬಹುದಾದ ತಪ್ಪು ಅದು. ಕನಕರಾಜುವಿಗೆ ಅದು ತಪ್ಪೆಂದು ಅನ್ನಿಸುವುದಾದರೂ ಹೇಗೆ? ಹುಟ್ಟಿದಾಗಿನಿಂದ ಅವನು ಅಟ್ಟ ನೋಡಿಕೊಂಡು ಬೆಳೆದವನು. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ವರ್ಷ ತುಂಬುತ್ತ ಬಂದ ಹಾಗೆ ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅಲ್ಲಿಯತನಕ ಯಾರೂ ಅಟ್ಟ ಮುಟ್ಟುವುದಿಲ್ಲ. ಅವಸರಪಟ್ಟು ಇಳಿಸಿದವನ ಕೊಬ್ಬರಿಗೆ ಬೆಲೆಯಿಲ್ಲ. ಪಿಎಫ್ ಕೂಡ ಒಂದು ಅಟ್ಟ. ಹಾಕಬೇಕು, ಮರೆಯಬೇಕು, ಮುದುಕನಾದ ಮೇಲೆ ಇಳಿಸಬೇಕು.

ಹೀಗೆ ವರ್ಷಗಳು ಕಳೆದವು. ಅವನಿಗೆ ಐವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮುದ್ದೆ ಮುರಿಯುತ್ತಿದ್ದಾಗ ಫೋನಿಗೆ ಸಂದೇಶ ಬಂತು, ಆದಾಯ ತೆರಿಗೆ ಇಲಾಖೆಯಿಂದ. ಅವನ ಹೆಸರಿನಲ್ಲಿ ಬಂದಿರುವ ಬಡ್ಡಿಗೂ ಅವನು ಸಲ್ಲಿಸಿದ ರಿಟರ್ನ್‌ಗೂ ತಾಳೆಯಾಗುತ್ತಿಲ್ಲ, ಪರಿಶೀಲಿಸಿ ಎಂದಿತ್ತು.

ಕನಕರಾಜು ಬ್ಯಾಂಕಿನಲ್ಲಿ ಬಡ್ಡಿಗೆ ಹಣವಿಟ್ಟವನಲ್ಲ. ಯಾರಿಗೂ ಕೈಸಾಲ ಕೊಟ್ಟವನೂ ಅಲ್ಲ. ಯಾವ ಬಡ್ಡಿ? ತಿಮ್ಮೇಶ್ ಇಣುಕಿ ನೋಡಿ, "ಬಂತು ನೋಡ್ಲಾ ರೈಡು! ಅಟ್ಟದಲ್ಲಿ ನೋಟು ಮಡಗಿದೀಯೇನ್ಲಾ?" ಎಂದು ನಕ್ಕ. ಕನಕರಾಜುವೂ ನಕ್ಕ. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯಿತು.

ಅಂದಿನಿಂದ ಅವನು ಗೊತ್ತಿಲ್ಲದ ನಂಬರಿನ ಕರೆ ಎತ್ತುವುದನ್ನು ಬಿಟ್ಟ. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಹಿತ್ತಲಿಗೆ ಹೋಗುತ್ತಿದ್ದ. ಪಿಎಫ್ ಹಣವನ್ನೇ ಹಿಡಿದುಕೊಂಡುಬಿಟ್ಟರೆ? ತೋಟದ ಮೇಲೆ ಕೈ ಹಾಕಿದರೆ? ಕೊಬ್ಬರಿಯ ವ್ಯಾಪಾರಕ್ಕೆ ಒಂದು ರಸೀತಿಯಿಲ್ಲ. ಅಪ್ಪನ ಕಾಲದಿಂದಲೂ ಒಬ್ಬನೇ ವ್ಯಾಪಾರಿ, ಬಾಯಿಮಾತಿನಲ್ಲೇ ತೂಕ, ಬಾಯಿಮಾತಿನಲ್ಲೇ ಬೆಲೆ. ಎಲ್ಲ ಹೋದರೆ ಉಳಿಯುವುದು ಅದೇ ಬಾಗಿಲು, ಅದೇ ಕೆಮ್ಮು, ಅದೇ ಅಂಗೈ. ಎದೆ ಬಿಗಿದುಕೊಳ್ಳುತ್ತಿತ್ತು, ಬೆವರುತ್ತಿತ್ತು.

"ಏನಾಗದೆ ಅಂತ ಹೇಳ್ಬಾರ್ದಾ?" ಎಂದು ಪ್ರಮೀಳಾ ಕೇಳಿದರೆ, "ಏನಿಲ್ಲ ಬುಡು, ಸೆಕೆ," ಎನ್ನುತ್ತಿದ್ದ. ಮಾಗಿಯ ಚಳಿಯಲ್ಲಿ.

ಒಂದು ಭಾನುವಾರ ಬೆಳಿಗ್ಗೆ ತೋಟದ ದಾರಿಯಲ್ಲಿ ಬಿಳಿ ಜೀಪು ಕಂಡಿತು. ಇಳಿದವರ ಕೈಯಲ್ಲಿ ಕಾಗದಗಳಿದ್ದವು. ಕನಕರಾಜು ಯೋಚಿಸಲಿಲ್ಲ. ಏಣಿ ಹತ್ತಿ ಅಟ್ಟ ಸೇರಿ, ಕಾಯಿರಾಶಿಯ ಹಿಂದೆ ಕೂತ. ಕೆಳಗೆ ಜಗಲಿಯಲ್ಲಿ ರಂಗಲಕ್ಷ್ಮಮ್ಮನವರ ಧ್ವನಿ ಕೇಳಿಸಿತು.

"ಬನ್ನಿ ಸ್ವಾಮಿ, ಕೂತ್ಕಳಿ. ಎಳನೀರು ಕೆಡವಿಸ್ಲಾ?"

"ಬೇಡಮ್ಮ. ಎಷ್ಟು ಮರ ಇದಾವೆ? ವರ್ಷಕ್ಕೆ ಏನು ಬರ್ತದೆ?"

"ಏನ್ ಬರ್ತದೆ ಅಂತ ಏನ್ ಕೇಳೀರಿ! ಬಂಗಾರ ಬರ್ತದೆ ಬಂಗಾರ. ಈ ಮನೆ ನಡೆಯೋದೇ ತೋಟದಲ್ಲಿ. ನನ್ ಮಗನ ಸಂಬಳ ನಾವು ಮೂಸೂ ನೋಡಲ್ಲ. ಅದೆಲ್ಲ ಗೌರ್ಮೆಂಟ್ನಲ್ಲೇ ಬೆಳೀತಾ ಅದೆ!"

ಮೇಲೆ ಕೂತವನು ಕಾಯಿಗಳ ಹಿಂದೆ ಇನ್ನಷ್ಟು ಕುಗ್ಗಿದ. ಅಮ್ಮ ಒಂದೊಂದು ಮಾತಿನಲ್ಲಿಯೂ ಅವನನ್ನು ಹಿಡಿದುಕೊಡುತ್ತಿದ್ದಾಳೆ ಎನ್ನಿಸಿತು. ಕಾಲು ಜುಮ್ಮೆಂದು ಸರಿಸಿದಾಗ ಒಂದು ಕಾಯಿ ಉರುಳಿ ಹಲಗೆಯ ಮೇಲೆ ಲೊಡಲೊಡ ಸದ್ದು ಮಾಡಿತು.

"ಮೇಲೆ ಯಾರಮ್ಮ?"

"ಇಲಿ ಸ್ವಾಮಿ. ಈ ವರ್ಷ ಎಮ್ಮೆಯಷ್ಟಪ್ಪ ಆಗವೆ."

ಬಂದವರು ನಕ್ಕರು. ಬಿಳಿನೊಣದ ಕಾಟ ಎಷ್ಟಿದೆಯೆಂದು ಮರಗಳನ್ನು ನೋಡಿ, ಗರಿಯ ಒಂದು ತುಂಡು ಕಿತ್ತುಕೊಂಡು ಹೋದರು. ತೆಂಗಿನ ರೋಗದ ಸಮೀಕ್ಷೆಗೆ ಬಂದವರು. ಜೀಪಿನ ಸದ್ದು ಅಡಗಿದ ಮೇಲೂ ಕನಕರಾಜು ಇಳಿಯಲಿಲ್ಲ. ಪ್ರಮೀಳಾ ಏಣಿ ಹತ್ತಿ ನೋಡಿದರೆ, ಅವನು ಎಡಗೈ ಹಿಸುಕಿಕೊಳ್ಳುತ್ತ ಧೂಳಿನಲ್ಲಿ ಕೂತಿದ್ದ. ಅಂಗಿ ಬೆವರಿನಲ್ಲಿ ಅದ್ದಿಹೋಗಿತ್ತು. ಅಲ್ಲೇ, ಕಾಯಿಗಳ ನಡುವೆ, ಎಲ್ಲವನ್ನೂ ಹೇಳಿದ. ಅಪ್ಪನ ಕೈಯ ವಿಷಯವನ್ನೂ ಅವತ್ತೇ ಮೊದಲು ಹೇಳಿದ್ದು.

"ನಾಳೇನೇ ಹೋಗಿ ಯಾರಾದ್ರೂ ತಿಳಿದೋರ್‌ನ ಕೇಳಿ. ಇಲಿ ಥರ ಎಷ್ಟ್ ದಿನ ಬದುಕ್ತೀರಿ?"

ಹೋದ, ಆದರೆ ಗುಬ್ಬಿಗಲ್ಲ, ತುಮಕೂರಿಗೂ ಅಲ್ಲ. ಎರಡೂ ಕಡೆ ಪರಿಚಯದವರು. ತೆರಿಗೆಯವರ ಬೋರ್ಡಿನ ಕೆಳಗೆ ಕಂಡರೆ ಕತೆ ಕಟ್ಟುತ್ತಾರೆ. ಯಾರ ಗುರುತೂ ಇಲ್ಲದ ಕುಣಿಗಲ್‌ಗೆ ಬೈಕಿನಲ್ಲಿ ಹೋದ. ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಆಂಜನಪ್ಪ ಎಂಬ ತೆರಿಗೆ ಸಲಹೆಗಾರರು ಕೂರುತ್ತಿದ್ದರು.

"ನಮ್ ಸ್ನೇಹಿತರೊಬ್ರಿಗೆ ಒಂದು ಮೆಸೇಜ್ ಬಂದದೆ ಸಾರ್."

"ಸ್ನೇಹಿತರ ಫೋನ್ ನಿಮ್ ಜೇಬಲ್ಲೇ ಇದೆಯಾ?"

ಫೋನು ಕೊಟ್ಟ. ಆಂಜನಪ್ಪ ಕಂಪ್ಯೂಟರಿನಲ್ಲಿ ಬಹಳ ಹೊತ್ತು ನೋಡಿದರು. ಅವರ ಹುಬ್ಬು ಏರಿದಾಗಲೆಲ್ಲ ಕನಕರಾಜು ಬಾಗಿಲ ಕಡೆ ನೋಡುತ್ತಿದ್ದ.

"ಹಣ ಎಲ್ಲೂ ಹೋಗಿಲ್ಲ ಕಣ್ರೀ. ನೀವು ಅತಿಯಾಗಿ ಹಾಕಿದೀರಿ, ಅಷ್ಟೆ. ವರ್ಷಕ್ಕೆ ಎರಡೂವರೆ ಲಕ್ಷದವರೆಗೆ ನೀವು ಕಟ್ಟಿದ್ದಕ್ಕೆ ಬರೋ ಬಡ್ಡಿಗೆ ತೆರಿಗೆ ಇಲ್ಲ. ಅದರ ಮೇಲೆ ಕಟ್ಟಿದ್ದರ ಬಡ್ಡಿಗೆ ಇದೆ. ಕೆಲವು ವರ್ಷದಿಂದ ಈ ನಿಯಮ ಬಂದಿದೆ. ನೀವು ರಿಟರ್ನ್‌ನಲ್ಲಿ ತೋರಿಸೇ ಇಲ್ಲ."

"ಆ ಬಡ್ಡೀನ ನಾನು ಕಣ್ಣಲ್ಲೂ ನೋಡಿಲ್ವಲ್ಲ ಸಾರ್. ಒಳಗೇ ಅದೆ."

"ಒಳಗಿದ್ರೂ ಆಯಾ ವರ್ಷದ ಆದಾಯವೇ."

"ಅಟ್ಟದ ಮೇಲಿರೋ ಕಾಯಿಗೆ ತೆರಿಗೆ ಹಾಕ್ತಾರಾ ಸಾರ್? ಇಳಿಸಿಲ್ಲ, ಸುಲಿದಿಲ್ಲ, ಮಾರಿಲ್ಲ!"

ಆಂಜನಪ್ಪನವರದೂ ತೆಂಗಿನ ಸೀಮೆಯೇ. ನಗಬಹುದಿತ್ತು, ನಗಲಿಲ್ಲ. "ಈ ಅಟ್ಟದ ಲೆಕ್ಕ ಹಾಗೇ ಇದೆ. ಬಲೀತಾ ಇರೋವಾಗ್ಲೇ ಎಣಿಸ್ತಾರೆ," ಎಂದರು. ಆಮೇಲೆ ಅವನು ಹೆದರಿಕೊಂಡಿದ್ದ ಪ್ರಶ್ನೆಯನ್ನೇ ಕೇಳಿದರು. "ಸಂಬಳ ಎಲ್ಲಾ ಇಲ್ಲೇ ಹಾಕಿದ್ರೆ ಊಟಕ್ಕೆ ಏನ್ ಮಾಡ್ತೀರಿ?"

ಕನಕರಾಜು ಕುರ್ಚಿಯ ಅಂಚಿಗೆ ಸರಿದ. "ತೋಟ... ಅಮ್ಮನ ಹೆಸರಲ್ಲಿ ಅದೆ. ರಸೀತಿ ಯಾವುದೂ ಇಲ್ಲ. ಜೈಲಿಗೆ ಹಾಕ್ತಾರಾ ಸಾರ್?"

"ತೆಂಗಿನಕಾಯಿ ತಿಂದಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕಲ್ಲ ರೀ. ತೋಟದ ಆದಾಯ ನಿಮ್ಮಮ್ಮಂದು. ಇನ್ಮೇಲಿಂದ ವ್ಯಾಪಾರಿ ಹತ್ರ ಒಂದು ಬಿಲ್ ಇಸ್ಕೊಳಿ. ತಪ್ಪಿದ ವರ್ಷಗಳ ರಿಟರ್ನ್ ತಿದ್ದಿ ಹಾಕೋಣ. ತೆರಿಗೆ, ಅದರ ಮೇಲೆ ಒಂದಿಷ್ಟು ದಂಡದ ಥರ. ಕಟ್ಟಿದ್ರೆ ಮುಗೀತು."

ಅವರು ಹೇಳಿದ ಮೊತ್ತ ಆ ವರ್ಷ ಅಟ್ಟದಲ್ಲಿದ್ದ ಕೊಬ್ಬರಿಯ ಬೆಲೆಗಿಂತ ಕಡಿಮೆಯಿತ್ತು. ರಂಗಲಕ್ಷ್ಮಮ್ಮನವರು ಸೆರಗಿನ ಗಂಟು ಬಿಚ್ಚಿ ಕೊಟ್ಟರು. "ಇಷ್ಟಕ್ಕೆ ಅಟ್ಟ ಹತ್ತಿದ್ಯೇನ್ಲಾ?" ಎಂದರು.

ತೆರಿಗೆ ಕಟ್ಟಿದ್ದಾಯಿತು. ಆದರೆ ಹೆಚ್ಚುವರಿ ಕಂತನ್ನು ವರ್ಷದ ನಡುವೆ ತಗ್ಗಿಸಲು ಕಾರ್ಖಾನೆಯವರು ಒಪ್ಪಲಿಲ್ಲ. ಏಪ್ರಿಲ್‌ವರೆಗೆ ಸಂಬಳ ಅದೇ ಅಟ್ಟ ಸೇರುತ್ತಲೇ ಇತ್ತು. ಏಪ್ರಿಲ್‌ನಲ್ಲಿ ಕಂತನ್ನು ತೆರಿಗೆಯಿಲ್ಲದ ಮಿತಿಗೆ ಇಳಿಸಿದ. ಮದುವೆಯಾದ ಮೇಲೆ ಮೊದಲ ಬಾರಿಗೆ ಕೈತುಂಬ ಸಂಬಳ ಮನೆಗೆ ಬಂತು. ಪ್ರಮೀಳಾ ಹೊಸ ಮಿಕ್ಸಿ ತರೋಣವೆಂದಳು. ಅವನು ಅಂಗಡಿಯ ತನಕ ಬಂದು, ಬಾಗಿಲಲ್ಲೇ ನಿಂತ. "ಇನ್ನೊಂದು ಮೆಸೇಜ್ ಬಂದ್ರೆ?" ಎಂದ. ಬೆಲೆ ಇಳಿದರೆ ತಿಳಿಸಿ ಎಂದು ಪ್ರಮೀಳಾ ಅಂಗಡಿಯವನಿಗೆ ಅವನ ಫೋನ್ ನಂಬರು ಕೊಟ್ಟಳು, ಬರಿಗೈಯಲ್ಲಿ ವಾಪಸಾದರು.

ಎದೆಯ ಬಿಗಿತ ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ, ಟೂಲ್‌ಬಾಕ್ಸ್ ಎತ್ತಿದರೆ ಬೆವರು. ಎಲ್ಲರೂ ಅದನ್ನು ಹಳೆಯ ಭಯವೆಂದೇ ತಿಳಿದರು. ಅಮ್ಮ ದೃಷ್ಟಿ ತೆಗೆದರು. ತಿಮ್ಮೇಶ್, "ನೋಟಿಸ್ ಹೋದ್ರೂ ಅದರ ದೆವ್ವ ಹೋಗ್ಲಿಲ್ಲ ಕಣೋ," ಎಂದ. ಕನಕರಾಜುವೂ ಅದನ್ನೇ ನಂಬಿದ. ಅಷ್ಟು ವರ್ಷ ಭಯದ ಜೊತೆ ಸಂಸಾರ ಮಾಡಿದವನಿಗೆ, ಅದೇ ವೇಷದಲ್ಲಿ ಎದೆಯ ರೋಗವೊಂದು ಒಳಗೆ ಬಂದು ಕೂತದ್ದು ತಿಳಿಯಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದು ಪ್ರಮೀಳಾ ಎರಡು ಸಲ ಹೊರಟು ನಿಂತಳು. "ಭಯಕ್ಕೆ ಮಾತ್ರೆ ಎಲ್ಲೈತೆ ಬುಡು," ಎಂದ.

ಶ್ರಾವಣದ ಒಂದು ಬೆಳಿಗ್ಗೆ ಗುಬ್ಬಿಯಲ್ಲಿ ತಿಮ್ಮೇಶ್ ಜೊತೆ ಕಂಪನಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಜೇಬಿನ ಫೋನು ಸದ್ದು ಮಾಡಿತು. ಗೊತ್ತಿಲ್ಲದ ನಂಬರು. ಅವನು ಅದನ್ನು ನೋಡುತ್ತ ನಿಂತ, ಎತ್ತಲಿಲ್ಲ. "ಯಾಕೋ ಭಯ ಆಯ್ತದೆ ಕಣೋ ತಿಮ್ಮೇಶ," ಎಂದ. ಬೀಳುವ ಮುಂಚೆ ಆಸರೆಗೆಂದು ಕೈ ಚಾಚಿದ. ತಿಮ್ಮೇಶ್ ಹಿಡಿದುಕೊಂಡ. ತುಮಕೂರಿನ ಆಸ್ಪತ್ರೆಯವರೆಗೂ ಆ ಕೈಯನ್ನು ಬಿಡಲಿಲ್ಲ. ಆದರೆ ಆಸ್ಪತ್ರೆ ಮುಟ್ಟುವ ಮೊದಲೇ ಅದು ತಣ್ಣಗಾಗಿತ್ತು. ಆ ನಂಬರಿಗೆ ಆಮೇಲೆ ತಿರುಗಿ ಕರೆ ಮಾಡಿದರೆ, ಅದು ಮಿಕ್ಸಿ ಅಂಗಡಿಯದು.

ಪಿಎಫ್ ಹಣ ಪ್ರಮೀಳಾಳಿಗೆ ಬಂತು, ಒಂದು ರೂಪಾಯಿಯೂ ಮುಕ್ಕಾಗದೆ. ತೀರಿಕೊಂಡವರ ಹೆಸರಿನಲ್ಲೂ ಕೊನೆಯ ರಿಟರ್ನ್ ಸಲ್ಲಿಸಬೇಕೆಂದು ಅವಳು ತಾನೇ ಕುಣಿಗಲ್‌ಗೆ ಹೋಗಿ ಸಲ್ಲಿಸಿ ಬಂದಳು. ಆ ವರ್ಷದ ಕಾಯನ್ನು ಇಳಿಸಲು ಅತ್ತೆಗೆ ಮನಸ್ಸಿರಲಿಲ್ಲ. ಸೆರಗಿನ ಗಂಟನ್ನು ಸೊಸೆಯ ಕೈಗೆ ಕೊಟ್ಟು, "ನಂಗ್ಯಾಕವ್ವ ಇನ್ನು," ಎಂದು ಮೂಲೆ ಹಿಡಿದರು.

ಕೆಲವು ದಿನಗಳ ಮೇಲೆ ಪ್ರಮೀಳಾ ಅಕ್ಕಿ ಆರಿಸುತ್ತಿದ್ದಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ರಂಗಲಕ್ಷ್ಮಮ್ಮನವರು ನಿಂತಿದ್ದರು. ಏನೂ ಕೇಳಲಿಲ್ಲ. ಖಾಲಿಯಾಗಿದ್ದ ಎಲೆಅಡಿಕೆಯ ಚೀಲವನ್ನು ಸುಮ್ಮನೆ ಮಡಿಸುತ್ತ, ಬಿಚ್ಚುತ್ತ ಇದ್ದರು. ಅಟ್ಟದ ಮೇಲೆ ಗಂಡ ಹೇಳಿದ್ದ ಅಂಗೈ ಪ್ರಮೀಳಾಳಿಗೆ ನೆನಪಾಯಿತು.

ಅಂದಿನಿಂದ ತಿಂಗಳು ಹುಟ್ಟಿದ ದಿನ, ಅತ್ತೆ ಸ್ನಾನಕ್ಕೆ ಹೋದಾಗ, ಅವಳು ಆ ಚೀಲದಲ್ಲಿ ಒಂದಿಷ್ಟು ನೋಟು ಇಡುತ್ತಾಳೆ. ರಂಗಲಕ್ಷ್ಮಮ್ಮನವರು ಬಂದು ಚೀಲ ಬಿಚ್ಚುತ್ತಾರೆ, ನೋಡುತ್ತಾರೆ, ನೋಟುಗಳ ಕೆಳಗೆ ಕೈಹಾಕಿ ಅಡಿಕೆ ಹುಡುಕುತ್ತಾರೆ.